ರೌಟರ್ ಇಟ್ಟಿಗೆಯಾದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮನೆಯ ರೌಟರ್‌ಗೋ ಪುಟ್ಟ ಸ್ಟೋರೇಜ್ ಪೆಟ್ಟಿಗೆಗೋ ಲಿನಕ್ಸ್ ಹಾಕಲು ಹೋಗಿ ನಡುದಾರಿಯಲ್ಲಿ ನಿಂತವರದು. ಕೆಲಸ ನಿಲ್ಲಿಸಿ ಸತ್ತಂತೆ ಕೂತ ಯಂತ್ರಕ್ಕೆ 'ಇಟ್ಟಿಗೆ' ಎನ್ನುವುದು ರೂಢಿ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಅಚ್ಚು ಹಾಕಿದ್ದೇವೆ. ಬೇರೆ ಸೂಚನೆ ಇಲ್ಲದ ಕಡೆ ಎಲ್ಲವನ್ನೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಪ್ರಶ್ನೆ: ರೌಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ (ರೌಟರ್‌ಗಳಿಗೆಂದು ಮಾಡಿದ ಲಿನಕ್ಸ್) ಹಾಕುತ್ತಿದ್ದಾಗ ಕರೆಂಟ್ ಹೋಯಿತು. ಈಗ ಪವರ್ ದೀಪ ಮಾತ್ರ ಉರಿಯುತ್ತದೆ, 192.168.1.1 ತೆರೆಯುತ್ತಿಲ್ಲ. ರೌಟರ್ ಸತ್ತೇ ಹೋಯಿತೇ?

ಬಹುಮಟ್ಟಿಗೆ ಇಲ್ಲ. ಫರ್ಮ್‌ವೇರ್ (ರೌಟರಿನೊಳಗಿನ ಸಾಫ್ಟ್‌ವೇರ್) ಬದಲಿಸುವಾಗ ಬೂಟ್‌ಲೋಡರ್ (ಆನ್ ಆದೊಡನೆ ಮೊದಲು ಓಡಿ ಉಳಿದದ್ದನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮ್) ಇರುವ ಜಾಗವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದು ಫ್ಲ್ಯಾಶ್ ಚಿಪ್ಪಿನ ಆರಂಭದ ಕೆಲವು ನೂರು ಕೆಬಿಯಲ್ಲಿ ತನ್ನ ಪಾಡಿಗೆ ಕೂತಿರುತ್ತದೆ. ಅರ್ಧಕ್ಕೆ ನಿಂತಿರುವುದು ಅದರ ಮುಂದಿರುವ ಕರ್ನಲ್ (ಲಿನಕ್ಸ್‌ನ ತಿರುಳು) ಮತ್ತು ಫೈಲ್‌ಸಿಸ್ಟಮ್. ಕರ್ನಲ್ ಸಿಗದಿದ್ದಾಗ ಅಥವಾ ರೀಸೆಟ್ ಬಟನ್ ಒತ್ತಿ ಪವರ್ ಕೊಟ್ಟಾಗ ಅನೇಕ ಬೂಟ್‌ಲೋಡರ್‌ಗಳು ಟಿಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ಸರಳ ವಿಧಾನ) ಮೂಲಕ ಹೊಸ ಫೈಲ್ ಕೇಳುತ್ತವೆ. ಏನು ಕೇಳುತ್ತಿದೆ ಎಂಬುದನ್ನು ಊಹಿಸಬೇಡಿ, ಕದ್ದು ಕೇಳಿ: ಲ್ಯಾನ್ ಪೋರ್ಟಿಗೆ ಕಂಪ್ಯೂಟರ್ ಜೋಡಿಸಿ, ವೈರ್‌ಶಾರ್ಕ್ ಅಥವಾ ಟಿಸಿಪಿಡಂಪ್ ಎಂಬ, ನೆಟ್‌ವರ್ಕ್ ಪ್ಯಾಕೆಟ್ ತೋರಿಸುವ ಪ್ರೋಗ್ರಾಮ್ ಓಡಿಸಿ, ಬಟನ್ ಒತ್ತಿಹಿಡಿದು ರೌಟರ್ ಆನ್ ಮಾಡಿ, ಸುಮಾರು 10 ಸೆಕೆಂಡ್ ಬಿಡಬೇಡಿ. ಟಿಪಿ-ಲಿಂಕ್‌ನ ಹಲವು ಮಾದರಿಗಳು '192.168.0.66 ಯಾರು?' ಎಂದು ಕೂಗುವುದು ಅಲ್ಲಿ ಕಾಣುತ್ತದೆ. ಕಂಪ್ಯೂಟರ್‌ಗೆ ಅದೇ ವಿಳಾಸ ಕೊಟ್ಟು ಮತ್ತೊಮ್ಮೆ ಮಾಡಿದರೆ ಬೇಕಾದ ಫೈಲಿನ ಹೆಸರೂ ಪ್ಯಾಕೆಟ್ಟಿನಲ್ಲೇ ಬರುತ್ತದೆ. ಫರ್ಮ್‌ವೇರ್‌ಗೆ ಆ ಹೆಸರಿಟ್ಟು ಟಿಎಫ್‌ಟಿಪಿ ಸರ್ವರ್‌ನ ಫೋಲ್ಡರಿನಲ್ಲಿ ಹಾಕಿ.

ಇಷ್ಟಾದರೂ ಫೈಲ್ ಹೋಗದಿರಲು ಮೂರು ಕಾರಣಗಳು ಮತ್ತೆ ಮತ್ತೆ ಸಿಗುತ್ತವೆ. ಒಂದು, ಕಂಪ್ಯೂಟರಿನ ಫೈರ್‌ವಾಲ್ ಯುಡಿಪಿ 69ನೇ ಪೋರ್ಟನ್ನು ತಡೆದಿರುತ್ತದೆ. ಎರಡು, ರೌಟರ್ ಆಫ್ ಆದಾಗ ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟೂ ಮಲಗಿ, ಎದ್ದೇಳುವಷ್ಟರಲ್ಲಿ ಬೂಟ್‌ಲೋಡರ್ ಕಾದು ಸುಸ್ತಾಗಿರುತ್ತದೆ. ನಡುವೆ ಒಂದು ಸಾದಾ ಸ್ವಿಚ್ ಇಟ್ಟರೆ ಕಂಪ್ಯೂಟರಿನ ಕಡೆಯ ಕೊಂಡಿ ಎಚ್ಚರವಾಗಿಯೇ ಇರುತ್ತದೆ. ಮೂರು, ಫೈಲ್ ಸರಿಯಿಲ್ಲ. 'ಸಿಸ್‌ಅಪ್‌ಗ್ರೇಡ್' (ಆಗಲೇ ಓಪನ್‌ಡಬ್ಲ್ಯೂಆರ್‌ಟಿ ಇರುವ ರೌಟರ್‌ಗೆ) ಬದಲು 'ಫ್ಯಾಕ್ಟರಿ' (ಮೊದಲ ಸಲ ಹಾಕಲು) ಇಮೇಜ್ ಕೊಡಬೇಕಾದದ್ದೇ ಹೆಚ್ಚು. ಟಿಪಿ-ಲಿಂಕ್‌ನ ಹಳೆಯ ಮೂಲ ಫರ್ಮ್‌ವೇರ್‌ನ ಹೆಸರಿನಲ್ಲಿ 'ಬೂಟ್' ಎಂಬ ಪದವಿದ್ದರೆ ಅದರೊಳಗೆ ಬೂಟ್‌ಲೋಡರೂ ಸೇರಿದೆ ಎಂದರ್ಥ. ಮೊದಲ 1,31,584 ಬೈಟ್ (512 ಬೈಟಿನ 257 ತುಂಡು) ಕತ್ತರಿಸದೆ ಕೊಟ್ಟರೆ ಎಲ್ಲವೂ ತಪ್ಪು ಜಾಗಕ್ಕೆ ಹೋಗಿ ಬೀಳುತ್ತದೆ.

ನೆಟ್‌ಗೇರ್‌ನಂಥ ಕೆಲವದರಲ್ಲಿ ಪಾತ್ರ ಅದಲುಬದಲು: ರೌಟರೇ ಸರ್ವರ್ ಆಗಿ ಕಾಯುತ್ತದೆ, ನೀವು ಬೈನರಿ ಮೋಡ್‌ನಲ್ಲಿ 'ಪುಟ್' ಮಾಡಬೇಕು.

ಪ್ರಶ್ನೆ: ಸೀರಿಯಲ್ ಕನ್ಸೋಲ್ (ರೌಟರಿನ ಸಂದೇಶ ಓದಲು, ಕಮಾಂಡ್ ಕೊಡಲು ಬೋರ್ಡಿನ ಪಿನ್‌ಗಳಿಂದ ಕಂಪ್ಯೂಟರ್‌ಗೆ ಎಳೆದ ವೈರ್) ಜೋಡಿಸಿದ್ದೇನೆ. ಪರದೆ ತುಂಬ ಅರ್ಥವಿಲ್ಲದ ಅಕ್ಷರ. ಸ್ಪೀಡ್ ಬದಲಿಸಿದ ಮೇಲೆ ಅಕ್ಷರ ಸರಿಹೋಯಿತು, ಆದರೆ ನಾನು ಒತ್ತಿದ ಕೀ ಅದಕ್ಕೆ ತಲುಪುತ್ತಲೇ ಇಲ್ಲ.

ಮೊದಲು ಪಿನ್‌ಗಳನ್ನು ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಬೋರ್ಡಿನ ಅಂಚಿನ ಹತ್ತಿರ ಸಾಲಾಗಿ ನಾಲ್ಕು ತೂತು, ಸಾಮಾನ್ಯವಾಗಿ ಒಂದರ ಸುತ್ತ ಮಾತ್ರ ಚೌಕ ತಾಮ್ರ. ರೌಟರ್ ಆಫ್ ಮಾಡಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದು ಕಡ್ಡಿಯನ್ನು ಈಥರ್ನೆಟ್ ಪೋರ್ಟಿನ ಲೋಹದ ಕವಚಕ್ಕೆ ತಾಗಿಸಿ. ಇನ್ನೊಂದು ಕಡ್ಡಿಗೆ ಯಾವ ತೂತು ಕೂಗುತ್ತದೋ ಅದು ಗ್ರೌಂಡ್. ಈಗ ರೌಟರ್ ಆನ್ ಮಾಡಿ ವೋಲ್ಟ್ ಅಳೆಯಿರಿ. ಮೊದಲ ಕ್ಷಣದಿಂದ 3.3ರಲ್ಲಿ ಅಲುಗಾಡದೆ ನಿಂತದ್ದು ವಿಸಿಸಿ, ಅಂದರೆ ಪವರ್ ಪಿನ್. ಅದನ್ನು ಯಾವುದಕ್ಕೂ ಜೋಡಿಸಬೇಡಿ. ಆನ್ ಆದ ಕೆಲವು ಸೆಕೆಂಡ್ 3.3ರಿಂದ ಕೆಳಗಿಳಿದು ಕುಣಿದು, ಆಮೇಲೆ 3.3ಕ್ಕೆ ನೆಲೆಗೊಳ್ಳುವುದು ರೌಟರಿನ ಟಿಎಕ್ಸ್ (ಕಳಿಸುವ ಪಿನ್). ಆ ಕುಣಿತವೇ ಬೂಟ್ ಸಂದೇಶ. ಉಳಿದದ್ದು ಆರ್‌ಎಕ್ಸ್ (ಪಡೆಯುವ ಪಿನ್). ಯುಎಸ್‌ಬಿ-ಸೀರಿಯಲ್ ಅಡಾಪ್ಟರಿನ ಟಿಎಕ್ಸ್ ರೌಟರಿನ ಆರ್‌ಎಕ್ಸ್‌ಗೆ, ಅದರ ಆರ್‌ಎಕ್ಸ್ ಇದರ ಟಿಎಕ್ಸ್‌ಗೆ, ಗ್ರೌಂಡ್ ಗ್ರೌಂಡ್‌ಗೆ. ಅಡಾಪ್ಟರಿನ ಜಂಪರ್ 5 ವೋಲ್ಟ್‌ನಲ್ಲಿದ್ದರೆ 3.3ಕ್ಕೆ ಬದಲಿಸಿ. ಹಳೆಯ ಕಂಪ್ಯೂಟರಿನ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿನ ಸಹವಾಸವೇ ಬೇಡ. ಅದರಲ್ಲಿ ಬರುವ ಸುಮಾರು 12 ವೋಲ್ಟ್ ಚಿಪ್ಪನ್ನು ಸುಡುತ್ತದೆ.

ಸ್ಪೀಡ್ ಬಹುತೇಕ 115200. ರಾಲಿಂಕ್, ಮೀಡಿಯಾಟೆಕ್‌ನ ಹಲವು ಬೋರ್ಡ್‌ಗಳಲ್ಲಿ 57600, ರಿಯಲ್‌ಟೆಕ್‌ನ ಕೆಲವದರಲ್ಲಿ 38400. ಯಾವ ಸ್ಪೀಡ್‌ನಲ್ಲೂ ಕಸವೇ ಬಂದರೆ ಗ್ರೌಂಡ್ ವೈರಿನ ಬೆಸುಗೆ ನೋಡಿ.

ಕೀ ತಲುಪದ ವಿಷಯದಲ್ಲಿ ಮೊದಲ ಅನುಮಾನ ಮಿನಿಕಾಮ್ (ಸೀರಿಯಲ್ ಮಾತುಕತೆಗೆ ಬಳಸುವ ಪ್ರೋಗ್ರಾಮ್) ಮೇಲೆ. ಅದರಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ 'ಯಸ್' ಎಂದು ಇದ್ದರೆ ಮೂರು ವೈರಿನ ಜೋಡಣೆಯಲ್ಲಿ ಅದು ಬಾರದ ಅನುಮತಿಗಾಗಿ ಕಾಯುತ್ತಾ ಕೂರುತ್ತದೆ. ಕಂಟ್ರೋಲ್-ಎ, ನಂತರ ಓ, ಸೀರಿಯಲ್ ಪೋರ್ಟ್ ಸೆಟಪ್, ಅಲ್ಲಿ ಎಫ್ ಒತ್ತಿ 'ನೋ' ಮಾಡಿ. ಅದರ ಬದಲು ಪಿಕೊಕಾಮ್ ಬಳಸಿದರೆ ಈ ತಲೆನೋವೇ ಇಲ್ಲ. ಆಮೇಲೂ ಆಗದಿದ್ದರೆ ಬೋರ್ಡ್ ತಿರುಗಿಸಿ, ಆರ್‌ಎಕ್ಸ್ ತೂತಿನಿಂದ ಹೊರಟ ತಾಮ್ರದ ಗೆರೆಯನ್ನು ಹಿಂಬಾಲಿಸಿ. ಅದು ಎದುರುಬದುರಾದ ಎರಡು ಖಾಲಿ ಪ್ಯಾಡ್‌ಗಳಲ್ಲಿ ನಿಂತುಹೋಗಿದ್ದರೆ ಅಲ್ಲಿರಬೇಕಿದ್ದ ರೆಸಿಸ್ಟರನ್ನು ಕಾರ್ಖಾನೆಯಲ್ಲಿ ಹಾಕಿಯೇ ಇಲ್ಲ. ಒಂದು ಹನಿ ಬೆಸುಗೆಯಿಂದ ಎರಡನ್ನೂ ಸೇರಿಸಿದರಾಯಿತು.

ಇನ್ನೊಂದು ವಿಚಿತ್ರ: ಅಡಾಪ್ಟರ್ ಜೋಡಿಸಿದ್ದಾಗ ರೌಟರ್ ಬೂಟೇ ಆಗದೆ, ಬಿಚ್ಚಿದರೆ ಆಗುವುದು. ಕೆಲವು ಬೋರ್ಡ್‌ಗಳು ಆನ್ ಆಗುವ ಕ್ಷಣದಲ್ಲಿ ಇದೇ ಸೀರಿಯಲ್ ಪಿನ್‌ಗಳ ವೋಲ್ಟ್ ಮಟ್ಟ ನೋಡಿ ಎಲ್ಲಿಂದ ಬೂಟ್ ಆಗಬೇಕೆಂದು ತೀರ್ಮಾನಿಸುತ್ತವೆ. ಪವರ್ ಕೊಟ್ಟು ಅರೆ ಸೆಕೆಂಡ್ ಬಿಟ್ಟು ವೈರ್ ಸಿಕ್ಕಿಸಿ.

ಬೂಟ್ ನಿಲ್ಲಿಸುವ ಕೀಲಿ ಎಲ್ಲದರಲ್ಲೂ ಒಂದೇ ಅಲ್ಲ. ಟಿಪಿ-ಲಿಂಕ್‌ನ ಹಳೆಯವುಗಳಲ್ಲಿ 'ಆಟೋಬೂಟಿಂಗ್ ಇನ್ 1 ಸೆಕೆಂಡ್ಸ್' ಎಂದಾಗ ಟಿ, ಪಿ, ಎಲ್ ಮೂರಕ್ಷರವನ್ನು ಆ ಒಂದೇ ಸೆಕೆಂಡಿನೊಳಗೆ ಕಳಿಸಬೇಕು. ಮೊದಲೇ ಕಾಪಿ ಮಾಡಿಟ್ಟುಕೊಂಡು ಪೇಸ್ಟ್ ಮಾಡುವುದು ಬೆರಳಿಗಿಂತ ನಂಬಿಕಸ್ಥ.

ಪ್ರಶ್ನೆ: 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್‌ನ ರೌಟರ್ ಇದೆ. ಓಪನ್‌ಡಬ್ಲ್ಯೂಆರ್‌ಟಿಗೆ ಸಾಕೇ?

ಸಾಲದು. 8 ಮತ್ತು 64 ಕನಿಷ್ಠ. ನೆಮ್ಮದಿ ಬೇಕಿದ್ದರೆ 16 ಮತ್ತು 128. 19.07ರ ನಂತರದ ಆವೃತ್ತಿಗಳನ್ನು ಇಂಥವಕ್ಕೆ ಕೊಡುವುದನ್ನೇ ನಿಲ್ಲಿಸಿದ್ದಾರೆ. ಬೆಸುಗೆ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಹಳೆಯ ಶೀವಾಪ್ಲಗ್‌ಗೆ (ಪ್ಲಗ್ ಗಾತ್ರದ ಪುಟ್ಟ ಕಂಪ್ಯೂಟರ್) ಡೆಬಿಯನ್ ಲಿನಕ್ಸ್ ಹಾಕಿದೆ. 'ಅನ್‌ಕಂಪ್ರೆಸಿಂಗ್ ಲಿನಕ್ಸ್... ಡನ್, ಬೂಟಿಂಗ್ ದ ಕರ್ನಲ್' ಎಂಬ ಸಾಲು ಬಂದ ಮೇಲೆ ಎಲ್ಲ ಮೌನ. ಅದರ ಬೂಟ್‌ಲೋಡರ್ ಯು-ಬೂಟ್ ಹಾಳಾಗಿದೆಯೆಂದು ಹೊಸದು ಬರೆಯಲೇ?

ಬರೆಯಬೇಡಿ. ಆ ಸಾಲು ಕಂಡಿತೆಂದರೆ ಯು-ಬೂಟ್ ತನ್ನ ಕೆಲಸ ಮುಗಿಸಿ ಕೈತೊಳೆದುಕೊಂಡಾಗಿದೆ. ಮಾತಾಡಿದ್ದು ಕರ್ನಲ್.

ಎರಡು ನಿಮಿಷ ಬಿಟ್ಟು ಅದರ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಸಿಸ್ಟಮ್ ಚೆನ್ನಾಗಿಯೇ ಓಡುತ್ತಿದೆ, ನಿಮಗೆ ಹೇಳುತ್ತಿಲ್ಲ ಅಷ್ಟೇ. ಬೂಟ್‌ಆರ್ಗ್ಸ್‌ನಲ್ಲಿ (ಯು-ಬೂಟ್ ಕರ್ನಲ್‌ಗೆ ಕೊಡುವ ಸೂಚನೆಗಳು) ಕನ್ಸೋಲ್ ಎಂಬಲ್ಲಿ ಟಿಟಿವೈಎಸ್0, ಅಲ್ಪವಿರಾಮ, 115200 ಎಂದು ಇರಬೇಕು (ಎಸ್ ದೊಡ್ಡಕ್ಷರ). ಪಿಂಗ್ ಕೂಡ ಇಲ್ಲದಿದ್ದರೆ, ತಾನು ಯಾವ ಬೋರ್ಡಿನ ಮೇಲಿದ್ದೇನೆ ಎಂಬುದು ಕರ್ನಲ್‌ಗೆ ತಿಳಿದಿಲ್ಲ. ಮಾರ್ವೆಲ್‌ನ ಮೂಲ ಯು-ಬೂಟ್ ಆದರೆ 'ಮೇನ್‌ಲೈನ್‌ಲಿನಕ್ಸ್' ಎಂಬುದನ್ನು 'ಎಸ್' ಎಂದೂ (ಯಸ್ ಎಂಬ ಮೂರಕ್ಷರ), 'ಆರ್ಕ್‌ನಂಬರ್' ಎಂಬುದನ್ನು 2097 ಎಂದೂ ಸೆಟೆನ್ವ್ (ಮೌಲ್ಯ ಕೊಡುವ ಕಮಾಂಡ್) ಮಾಡಿ, ಸೇವೆನ್ವ್ (ಅದನ್ನು ಉಳಿಸುವುದು), ರೀಸೆಟ್. ಮೊದಲನೆಯದರಲ್ಲಿ ಲಿನಕ್ಸ್‌ನ ಎಲ್, ಎರಡನೆಯದರಲ್ಲಿ ನಂಬರ್‌ನ ಎನ್ ದೊಡ್ಡಕ್ಷರ. ಹೊಸ ಕರ್ನಲ್‌ಗಳಿಗೆ ಇದು ಸಾಲದು, ಡಿವೈಸ್ ಟ್ರೀ ಫೈಲ್ (ಡಿಟಿಬಿ, ಅಂದರೆ ಬೋರ್ಡಿನ ವಿವರಪಟ್ಟಿ) ಬೇಕು. ಹಳೆಯ ಯು-ಬೂಟ್‌ಗೆ ಅದನ್ನು ಬೇರೆಯಾಗಿ ಕೊಡಲು ಬರುವುದಿಲ್ಲವಾದ್ದರಿಂದ ಝಡ್‌ಇಮೇಜ್ ಎಂಬ ಕರ್ನಲ್ ಫೈಲಿನ ಬಾಲಕ್ಕೆ ಶೀವಾಪ್ಲಗ್‌ನ ಡಿಟಿಬಿ ಅಂಟಿಸಿ, ಆ ಜೋಡಿಯ ಮೇಲೆ ಎಂಕೆಇಮೇಜ್ ಓಡಿಸಿ ಯುಇಮೇಜ್ (ಯು-ಬೂಟ್‌ಗೆ ಅರ್ಥವಾಗುವ ರೂಪ) ಮಾಡಬೇಕು. ಡೆಬಿಯನ್‌ನ ಫ್ಲ್ಯಾಶ್-ಕರ್ನಲ್ ಪ್ಯಾಕೇಜ್ ಇದನ್ನು ತಾನೇ ಮಾಡುತ್ತದೆ. ಕೈಯಾರೆ ಕರ್ನಲ್ ನಕಲಿಸಿದವರಿಗೇ ಈ ಮೌನ ಎದುರಾಗುವುದು.

ಅದಕ್ಕೂ ಮೊದಲೇ 'ರಾಂಗ್ ಇಮೇಜ್ ಫಾರ್ಮ್ಯಾಟ್' ಬಂದು ನಿಂತರೆ ಕತೆ ಬೇರೆ. ಯುಇಮೇಜ್‌ನ ಮೊದಲ ನಾಲ್ಕು ಬೈಟ್ ಹೆಕ್ಸ್ 27051956 ಆಗಿರಬೇಕು. ಯು-ಬೂಟ್‌ನಲ್ಲೇ ಎಂಡಿ ಕಮಾಂಡಿನಿಂದ ಫೈಲ್ ಬಂದಿರಬೇಕಾದ ಮೆಮೊರಿ ವಿಳಾಸವನ್ನು ನೋಡಬಹುದು. ಅದು ಇಲ್ಲವೆಂದರೆ ಫೈಲ್ ಓದಿಯೇ ಇಲ್ಲ. ಹಳೆಯ ಯು-ಬೂಟ್‌ಗೆ 256 ಬೈಟಿನ ಐನೋಡ್ (ಡಿಸ್ಕಿನಲ್ಲಿ ಪ್ರತಿ ಫೈಲಿನ ವಿವರದ ದಾಖಲೆ) ಅರ್ಥವಾಗದು. ಬೂಟ್ ಪಾರ್ಟಿಷನ್ನನ್ನು ಇಎಕ್ಸ್‌ಟಿ2 ಆಗಿ, 128 ಬೈಟಿನ ಐನೋಡ್ ಕೇಳಿ ಫಾರ್ಮ್ಯಾಟ್ ಮಾಡಿ.

ಯಾವ ಡೆಬಿಯನ್ ಎಂಬುದೂ ಮುಖ್ಯ. 13ನೇ ಆವೃತ್ತಿಯಲ್ಲಿ ಆರ್ಮೆಲ್‌ಗೆ (ಶೀವಾಪ್ಲಗ್‌ನಂಥ ಹಳೆಯ ಆರ್ಮ್ ಚಿಪ್‌ಗಳ ಡೆಬಿಯನ್) ಇನ್‌ಸ್ಟಾಲರ್ ಇಲ್ಲ, ಕರ್ನಲ್ ಕೂಡ ಹಳೆಯ ರಾಸ್ಪ್‌ಬೆರಿ ಪೈಗಳಿಗೆ ಮಾತ್ರ. 12ರಲ್ಲೇ ನಿಲ್ಲಿ.

ಯು-ಬೂಟ್ ನಿಜಕ್ಕೂ ಹೋಗಿದ್ದರೆ, ಅಂದರೆ ಸೀರಿಯಲ್‌ನಲ್ಲಿ ಒಂದಕ್ಷರವೂ ಬಾರದಿದ್ದರೆ, ಶೀವಾಪ್ಲಗ್‌ನ ಕಿರ್ಕ್‌ವುಡ್ ಚಿಪ್ಪಿನೊಳಗಿನ ಅಳಿಸಲಾಗದ ಬೂಟ್ ರಾಮ್ (ಆರ್‌ಒಎಂ) ಕೈಹಿಡಿಯುತ್ತದೆ. ಯು-ಬೂಟ್ ಸೋರ್ಸ್ ಜೊತೆ ಬರುವ ಕೆಡಬ್ಲ್ಯೂಬೂಟ್ ಅನ್ನು (ಸೀರಿಯಲ್‌ನಲ್ಲಿ ಯು-ಬೂಟ್ ಕಳಿಸುವ ಪ್ರೋಗ್ರಾಮ್) ಮೊದಲು ಕಂಪ್ಯೂಟರಿನಲ್ಲಿ ಓಡಿಸಿ, ಆಮೇಲೆ ಪವರ್ ಕೊಡಿ. 512 ಕೆಬಿಯ ಫೈಲ್ 115200ರಲ್ಲಿ ಹೋಗಲು ಒಂದು ನಿಮಿಷದ ಆಸುಪಾಸು ಬೇಕು. ಆಗ ಯು-ಬೂಟ್ ರ್‍ಯಾಮ್‌ನಲ್ಲಿ ಮಾತ್ರ ಓಡುತ್ತಿರುತ್ತದೆ. ನ್ಯಾಂಡ್ ಫ್ಲ್ಯಾಶ್‌ಗೆ ಬರೆಯುವ ಕೆಲಸ ಇನ್ನೂ ಬಾಕಿ. ಟಿಎಫ್‌ಟಿಪಿಯಿಂದ ನ್ಯಾಂಡ್‌ಗೆಂದು ಕಟ್ಟಿದ ಫೈಲನ್ನು ವಿಳಾಸ 800000ಕ್ಕೆ ತಂದು, 'ನ್ಯಾಂಡ್ ಇರೇಸ್ 0 80000', 'ನ್ಯಾಂಡ್ ರೈಟ್ 800000 0 80000' ಎನ್ನಿ. ಇಲ್ಲಿನ ಅಂಕೆಗಳೆಲ್ಲ ಹೆಕ್ಸ್. 80000 ಎಂದರೆ 512 ಕೆಬಿ. ಹಳೆಯ 1.11 ಬೂಟ್ ರಾಮ್ ಇರುವ ಚಿಪ್‌ಗಳಲ್ಲಿ ಸೀರಿಯಲ್ ದಾರಿ ನಡೆಯದು. ಶೀವಾಪ್ಲಗ್‌ನ ಮಿನಿ ಯುಎಸ್‌ಬಿಯಲ್ಲೇ ಜೆಟ್ಯಾಗ್ (ಚಿಪ್ಪನ್ನು ನೇರವಾಗಿ ನಿಯಂತ್ರಿಸುವ ದಾರಿ) ಇರುವುದರಿಂದ ಓಪನ್‌ಒಸಿಡಿ ಎಂಬ ಪ್ರೋಗ್ರಾಮ್ ಹಿಡಿಯಬೇಕು.

ಪ್ರಶ್ನೆ: ಯು-ಬೂಟ್‌ನ ಸೆಟ್ಟಿಂಗ್‌ಗಳನ್ನು (ಎನ್ವಿರಾನ್‌ಮೆಂಟ್) ಓದಲು ಲಿನಕ್ಸ್‌ನಲ್ಲಿ ಎಫ್‌ಡಬ್ಲ್ಯೂ_ಪ್ರಿಂಟೆನ್ವ್ ಕೊಟ್ಟರೆ 'ಬ್ಯಾಡ್ ಸಿಆರ್‌ಸಿ, ಯೂಸಿಂಗ್ ಡೀಫಾಲ್ಟ್ ಎನ್ವಿರಾನ್‌ಮೆಂಟ್' ಎನ್ನುತ್ತದೆ. ಎಫ್‌ಡಬ್ಲ್ಯೂ_ಸೆಟೆನ್ವ್ ಮಾಡಿದರೆ ಸರಿಹೋಗುತ್ತದೆಯೇ?

ಸರಿಹೋಗಬಹುದು, ರೌಟರನ್ನೇ ಕೊಲ್ಲಲೂಬಹುದು. ಎನ್ವಿರಾನ್‌ಮೆಂಟ್ ಒಮ್ಮೆಯೂ ಸೇವ್ ಆಗಿರದಿದ್ದರೆ ಈ ಎಚ್ಚರಿಕೆ ಸಹಜ. ಎಫ್‌ಡಬ್ಲ್ಯೂ_ಎನ್ವ್ ಕಾನ್ಫಿಗ್ ಫೈಲಿನಲ್ಲಿ ಜಾಗ ತಪ್ಪಾಗಿದ್ದರೂ ಇದೇ ಎಚ್ಚರಿಕೆ. ಆಗ ಎಫ್‌ಡಬ್ಲ್ಯೂ_ಸೆಟೆನ್ವ್ ಆ ತಪ್ಪು ಬ್ಲಾಕನ್ನು ಅಳಿಸಿ ಬರೆಯುತ್ತದೆ, ಅಲ್ಲಿ ಬೂಟ್‌ಲೋಡರ್ ಇದ್ದರೂ.

ಜಾಗವನ್ನು ಪ್ರಾಕ್‌ನ ಎಂಟಿಡಿ ಪಟ್ಟಿಯಲ್ಲಿ (ಫ್ಲ್ಯಾಶ್‌ನ ಭಾಗಗಳ ಪಟ್ಟಿ) ನೋಡಿ. ಗಾತ್ರಕ್ಕೆ ಸೀರಿಯಲ್‌ನಲ್ಲಿ ಪ್ರಿಂಟೆನ್ವ್ ಕೊಟ್ಟು ಕೊನೆಯ ಸಾಲು ಓದಿ: 'ಎನ್ವಿರಾನ್‌ಮೆಂಟ್ ಸೈಜ್: 1893/131068 ಬೈಟ್ಸ್' ಎಂಬ ಬಗೆಯ ಸಾಲು. ಎರಡನೆಯ ಅಂಕೆಗೆ ಸಿಆರ್‌ಸಿಯ (ಮಾಹಿತಿ ಕೆಟ್ಟಿಲ್ಲವೆಂದು ತಾಳೆ ನೋಡುವ ಲೆಕ್ಕ) 4 ಬೈಟ್ ಸೇರಿಸಿದರೆ 131072, ಅಂದರೆ 128 ಕೆಬಿ. 131067 ಎಂದಿದ್ದರೆ ಎರಡು ಪ್ರತಿ ಇಡುವ ವ್ಯವಸ್ಥೆ ಇದೆ, ಕಾನ್ಫಿಗ್‌ನಲ್ಲೂ ಎರಡು ಸಾಲು ಬೇಕು. ಗಾತ್ರ ಕರಾರುವಾಕ್ಕಾಗಿರಲೇಬೇಕು. ಸಿಆರ್‌ಸಿ ಲೆಕ್ಕ ಹಾಕುವುದು ಕೊನೆಯ ಖಾಲಿ ಜಾಗವನ್ನೂ ಸೇರಿಸಿ. ಹಾಗಾಗಿ ಗಾತ್ರ ತಪ್ಪಿದ್ದರೆ ಡಂಪ್‌ನಲ್ಲಿ (ಫ್ಲ್ಯಾಶ್‌ನಿಂದ ಓದಿದ ನಕಲು) ಅಕ್ಷರ ಚೆನ್ನಾಗಿ ಕಾಣುತ್ತಿದ್ದರೂ ಎಚ್ಚರಿಕೆ ಹೋಗುವುದಿಲ್ಲ.

ಪ್ರಶ್ನೆ: ರೌಟರಿನ ಯು-ಬೂಟ್ ಹಳೆಯದು. ಅಪ್‌ಡೇಟ್ ಮಾಡಬೇಕೇ?

ಬೂಟ್ ಆಗುತ್ತಿದ್ದರೆ ಬೇಡ. ಓಪನ್‌ಡಬ್ಲ್ಯೂಆರ್‌ಟಿ ಆ ಜಾಗಕ್ಕೆ ಬೀಗ ಹಾಕಿರುತ್ತದೆ. ಬೀಗ ತೆಗೆಯುವ ಮಾಡ್ಯೂಲ್‌ಗೆ ಕೊಡಬೇಕಾದ ಆಯ್ಕೆಯ ಹೆಸರೇ 'ಐ_ವಾಂಟ್_ಎ_ಬ್ರಿಕ್', ನನಗೆ ಇಟ್ಟಿಗೆ ಬೇಕು ಎಂದು.

ಪ್ರಶ್ನೆ: ಸಿಎಚ್341ಎ ಪ್ರೋಗ್ರಾಮರ್ ಮತ್ತು ಕ್ಲಿಪ್‌ನಿಂದ ಫ್ಲ್ಯಾಶ್ ಓದಿದೆ. ಪ್ರತಿ ಸಲ ಬೇರೆ ಫಲಿತಾಂಶ. ಬೇಸತ್ತು ಇಂಟರ್‌ನೆಟ್‌ನಲ್ಲಿ ಸಿಕ್ಕ ಅದೇ ಮಾದರಿಯ ಡಂಪ್ ಬರೆದೆ. ಬೂಟ್ ಆಯಿತು, ಆದರೆ ವೈಫೈ ಪಕ್ಕದ ಕೋಣೆಗೂ ಬರುವುದಿಲ್ಲ.

ಓದು ಬದಲಾಗಲು ಕಾರಣ ಬೋರ್ಡ್. ಕ್ಲಿಪ್‌ನ 3.3 ವೋಲ್ಟ್ ಫ್ಲ್ಯಾಶ್‌ಗೆ ಮಾತ್ರ ಹೋಗದೆ ಇಡೀ ಬೋರ್ಡಿಗೆ ಹರಿಯುತ್ತದೆ. ವೋಲ್ಟ್ ಕುಸಿಯುತ್ತದೆ, ಪ್ರೊಸೆಸರ್ ಅರೆನಿದ್ದೆಯಲ್ಲಿ ಎದ್ದು ತಾನೂ ಅದೇ ಫ್ಲ್ಯಾಶ್ ಓದಲು ಶುರು ಮಾಡುತ್ತದೆ. ಚಿಪ್ಪಿನ 8ನೇ ಕಾಲನ್ನು ಬೋರ್ಡಿನಿಂದ ಎತ್ತಿ ಅಥವಾ ಇಡೀ ಚಿಪ್ ಬಿಚ್ಚಿ ಓದಿ. ಮೂರು ಓದುಗಳ ಎಸ್‌ಎಚ್‌ಎ256 (ಫೈಲಿನ ಬೆರಳಚ್ಚು) ಒಂದೇ ಆಗುವವರೆಗೆ ಬರೆಯುವ ಮಾತಿಲ್ಲ. 25ಕ್ಯೂ64 ಎಂದರೆ 64 ಮೆಗಾಬಿಟ್. ಫೈಲ್ ಸರಿಯಾಗಿ 83,88,608 ಬೈಟ್ ಇರಬೇಕು. ಹೆಸರಿನ ಕೊನೆಯೂ ನೋಡಿ: ವಿನ್‌ಬಾಂಡ್‌ನ 'ಎಫ್‌ವಿ' 3.3 ವೋಲ್ಟಿನದು, 'ಎಫ್‌ಡಬ್ಲ್ಯೂ' 1.8ರದು, ಎರಡನೆಯದಕ್ಕೆ ನಡುವೆ ಅಡಾಪ್ಟರ್ ಬೇಕು.

ವೈಫೈ ಸೊರಗಿದ್ದು ಬೇರೆಯವರ ರೇಡಿಯೊ ಲೆಕ್ಕ ನಿಮ್ಮ ಚಿಪ್ಪಿಗೆ ಬಂದಿರುವುದರಿಂದ. ಅಥೆರೋಸ್ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಕೊನೆಯ 64 ಕೆಬಿ 'ಎಆರ್‌ಟಿ', ಮೀಡಿಯಾಟೆಕ್‌ನಲ್ಲಿ 'ಫ್ಯಾಕ್ಟರಿ' ಎಂಬ ಭಾಗ. ಮ್ಯಾಕ್ ವಿಳಾಸ ಮತ್ತು ಪ್ರತಿ ಬೋರ್ಡಿಗೂ ಕಾರ್ಖಾನೆಯಲ್ಲಿ ಅಳೆದು ಬರೆದ ಮೌಲ್ಯ ಅಲ್ಲಿರುತ್ತದೆ. ನಿಮ್ಮ ಆ 'ಹಾಳು' ಓದುಗಳನ್ನು ಎಸೆದಿಲ್ಲ ತಾನೇ? ಅಥೆರೋಸ್ ಆದರೆ, 8 ಎಂಬಿಯ ಚಿಪ್‌ಗೆ, ಡಿಡಿ ಕಮಾಂಡಿನಲ್ಲಿ ಬ್ಲಾಕ್ 65536, ಸ್ಕಿಪ್ 127 ಕೊಟ್ಟು ಪ್ರತಿಯೊಂದರ ಬಾಲ ಕತ್ತರಿಸಿ ಹೋಲಿಸಿ. ತಪ್ಪುಗಳು ಬೇರೆಡೆ ಇದ್ದು ಈ ಬಾಲ ಎರಡು ಮೂರರಲ್ಲಿ ಒಂದೇ ಆಗಿದ್ದರೆ ಅದೇ ನಿಮ್ಮದು. ಹೊಸ ಡಂಪ್‌ನ ಬಾಲಕ್ಕೆ ಅದನ್ನು ಜೋಡಿಸಿ ಬರೆಯಿರಿ. ಸಿಗದಿದ್ದರೆ ಮ್ಯಾಕ್ ವಿಳಾಸವನ್ನು ಪೆಟ್ಟಿಗೆಯ ಅಡಿಯ ಚೀಟಿ ನೋಡಿ ತಿದ್ದಬಹುದು. ರೇಡಿಯೊ ಲೆಕ್ಕ ಮರಳಿ ಬಾರದು. ಆ ರೌಟರನ್ನು ವೈರ್ ಕೆಲಸಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ಆಫ್ ಮಾಡಿ ಆನ್ ಮಾಡಿದರೆ ಯು-ಬೂಟ್‌ಗೆ ಯುಎಸ್‌ಬಿ ಡಿಸ್ಕ್ ಕಾಣುವುದಿಲ್ಲ. ರೀಸೆಟ್ ಮಾಡಿದರೆ ಕಾಣುತ್ತದೆ. ಏಕೆ?

ಡಿಸ್ಕ್ ತಿರುಗಲು ಶುರುವಾಗುವ ಮೊದಲೇ ಯು-ಬೂಟ್ ಹುಡುಕಿ ಕೈಬಿಟ್ಟಿರುತ್ತದೆ. ರೀಸೆಟ್‌ನಲ್ಲಿ ಅದು ಆಗಲೇ ತಿರುಗುತ್ತಿರುತ್ತದೆ. ಯುಎಸ್‌ಬಿ_ಪಿಗುಡ್_ಡಿಲೇ (ಎಲ್ಲ ಸಣ್ಣಕ್ಷರ) 2000 ಎಂದು ಸೆಟೆನ್ವ್ ಮಾಡಿ, ಅದು ಮಿಲಿಸೆಕೆಂಡ್ ಲೆಕ್ಕ. ನಿಮ್ಮ ಯು-ಬೂಟ್‌ಗೆ ಅದು ತಿಳಿಯದಷ್ಟು ಹಳೆಯದಾದರೆ ಬೂಟ್‌ಸಿಎಂಡಿಯಲ್ಲಿ (ಆನ್ ಆದಾಗ ಯು-ಬೂಟ್ ತಾನೇ ಓಡಿಸುವ ಕಮಾಂಡ್ ಸಾಲು) 'ಯುಎಸ್‌ಬಿ ಸ್ಟಾರ್ಟ್' ಆದಮೇಲೆ 'ಸ್ಲೀಪ್ 5', 'ಯುಎಸ್‌ಬಿ ರೀಸೆಟ್' ಸೇರಿಸಿ. ಅಷ್ಟಾದರೂ ಆಗೊಮ್ಮೆ ಈಗೊಮ್ಮೆ ತಪ್ಪಿದರೆ ಡಿಸ್ಕ್ ತಿರುಗತೊಡಗುವ ಕ್ಷಣದಲ್ಲಿ ಯುಎಸ್‌ಬಿಯ 5 ವೋಲ್ಟ್ ಅಳೆಯಿರಿ, 4.75ಕ್ಕಿಂತ ಕೆಳಗಿಳಿದರೆ ಡಿಸ್ಕಿಗೆ ಪ್ರತ್ಯೇಕ ಪವರ್ ಇರುವ ಹಬ್ ಹಾಕಿ.