ಇರಾನ್-ಸೌದಿ ಜಗಳಕ್ಕೆ ಶಿಯಾ-ಸುನ್ನಿ ಭೇದವೇ ಕಾರಣವಾ?

ಅದೊಂದೇ ಅಲ್ಲ. 632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡ ಮೇಲೆ ಮುಂದಾಳು ಯಾರು ಎಂಬಲ್ಲಿ ಒಡಕು ಶುರುವಾಯಿತು. ಪ್ರವಾದಿಯ ಒಡನಾಡಿ ಅಬೂಬಕರ್ ಅವರನ್ನು ಒಪ್ಪಿದವರ ಪರಂಪರೆ ಸುನ್ನಿ (ಸೌದಿಯದು ಇದೇ), ಆ ಹಕ್ಕು ಪ್ರವಾದಿಯ ಅಳಿಯ ಅಲಿಯವರದು ಎಂದವರದು ಶಿಯಾ. ಮೂಲದಲ್ಲೇ ರಾಜಕೀಯ ಇತ್ತು, ಅಲ್ವಾ?

ಆದರೆ ಇವತ್ತಿನ ಹಗೆ ಅಷ್ಟು ಹಳೆಯದಲ್ಲ. ಹಿಂದೆ ದೊರೆ ಷಾ ಆಳುತ್ತಿದ್ದಾಗಲೂ ಇರಾನ್ ಶಿಯಾ ದೇಶವೇ. ಆಗ ಎರಡೂ ಅಮೆರಿಕದ ಗೆಳೆಯರು. ಷಾ ಅವರನ್ನು ಇಳಿಸಿದ 1979ರ ಕ್ರಾಂತಿಯ ನಂತರ ಅದರ ನಾಯಕ ಖೊಮೇನಿ ರಾಜರ ಆಳ್ವಿಕೆಯೇ ಇಸ್ಲಾಮಿಗೆ ಸಲ್ಲದು ಎಂದರು. ಸೌದಿ ದೊರೆಗಳು ಸುಮ್ನೆ ಕೂರುತ್ತಾರಾ?

ಪಂಗಡವೇ ಎಲ್ಲ ಅನ್ನುವವರು 1980-88ರ ಇರಾನ್-ಇರಾಕ್ ಯುದ್ಧ ನೋಡಲಿ. ಇರಾಕ್ ಸೈನಿಕರಲ್ಲಿ ಶಿಯಾಗಳೇ ಜಾಸ್ತಿ. ಬಹುತೇಕರು ಇರಾನ್ ವಿರುದ್ಧವೇ ಹೋರಾಡಿದರು. ಪ್ಯಾಲೆಸ್ಟೀನಿನ ಸುನ್ನಿ ಸಶಸ್ತ್ರ ಸಂಘಟನೆ ಹಮಾಸ್‌ಗೆ ನೆರವು ಕೊಟ್ಟಿದ್ದೂ ಇರಾನೇ. 2016ರಲ್ಲಿ ಕಡಿದುಹೋದ ಸೌದಿ-ಇರಾನ್ ಸಂಬಂಧವನ್ನು 2023ರಲ್ಲಿ ಮತ್ತೆ ಜೋಡಿಸಿದ್ದು ಚೀನಾ.