ಹೊಸ ಲ್ಯಾಪ್‌ಟಾಪ್ ಆನ್ ಆಗಲಿಕ್ಕೆ ನಾಲ್ಕು ನಿಮಿಷ: ಫಾರ್ಮ್ಯಾಟ್‌ಗೆ ಕೊಡುವ ಮೊದಲು

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಗಳ ಇಂಜಿನಿಯರಿಂಗ್ ಓದಿಗೆಂದು ಒಂಬತ್ತು ದಿನದ ಹಿಂದೆ ಉಡುಪಿಯ ಅಂಗಡಿಯೊಂದರಿಂದ ಲ್ಯಾಪ್‌ಟಾಪ್ ತಂದಿದ್ದೀರಿ. ವಿಂಡೋಸ್ 11, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ಡಿಸ್ಕ್). ಆನ್ ಮಾಡಿದರೆ ಕೆಲಸಕ್ಕೆ ಸಿಗಲಿಕ್ಕೆ ನಾಲ್ಕು ನಿಮಿಷ. ಮೊನ್ನೆ ಒಮ್ಮೆ ಕಪ್ಪು ಪರದೆಯಲ್ಲಿ 'ಬೂಟ್ ಡಿವೈಸ್ ನಾಟ್ ಫೌಂಡ್' ಅಂತ ಬಂದು, ಪವರ್ ಬಟನ್ ಒತ್ತಿ ಹಿಡಿದು ಮತ್ತೆ ಆನ್ ಮಾಡಿದಾಗ ಸರಿಯಾಯಿತು. ಅಂಗಡಿಯವರು "ತನ್ನಿ, ಒಂದು ಫಾರ್ಮ್ಯಾಟ್ ಹೊಡೆದು ಕೊಡ್ತೇವೆ" ಅಂದಿದ್ದಾರೆ. ಅದಕ್ಕಾಗಿ ಕಾಪುವಿನಿಂದ ಹೊತ್ತುಕೊಂಡು ಹೋಗಬೇಕಾ, ಇಲ್ಲ ಡಿಸ್ಕೇ ಹೋಗಿದೆಯಾ ಅಂತ ಕೇಳಿದ್ದೀರಿ.

ಹೋಗಿ, ಆದರೆ ಫಾರ್ಮ್ಯಾಟ್‌ಗೆ ಕೊಡಬೇಡಿ. ಹೋಗುವ ಮೊದಲು ಇವತ್ತು ರಾತ್ರಿ ಒಂದು ಗಂಟೆ ಹೊತ್ತು ಕೂತು ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಫೋಟೋ ಅಂತ ಹೇಳುತ್ತೇನೆ. ಅದಕ್ಕೆ ಮೊದಲು, ಫಾರ್ಮ್ಯಾಟ್ ಯಾಕೆ ಬೇಡ ಅಂತ ಹೇಳಲಿಕ್ಕೆ ನನ್ನದೇ ದಡ್ಡತನದ ಕತೆ ಉಂಟು.

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವ. ಯಾರ ಲ್ಯಾಪ್‌ಟಾಪ್ ಕೈಕೊಟ್ಟರೂ ನನ್ನ ಟೇಬಲ್ಲಿಗೇ ಬರುತ್ತದೆ. 2018ರಲ್ಲಿ ನನಗೇ ಅಂತ ಒಂದು ಲ್ಯಾಪ್‌ಟಾಪ್ ತಗೊಂಡೆ, 1 ಟಿಬಿ ಹಾರ್ಡ್ ಡಿಸ್ಕ್ ಇದ್ದದ್ದು. ಐದನೇ ದಿನಕ್ಕೆ ಎತ್ತಿನ ಗಾಡಿ ಆಯಿತು. ಕಂಪನಿ ತುಂಬಿಸಿ ಕೊಟ್ಟ ಕಸವೇ ಕಾರಣ ಅಂದುಕೊಂಡು, ಅಂಗಡಿಗೆ ಹೋಗುವ ಉಸಾಬರಿ ಯಾಕೆ ಅಂತ ನಾನೇ ಫಾರ್ಮ್ಯಾಟ್ ಮಾಡಿದೆ. ಮರುದಿನದಿಂದ ಕುದುರೆ! ಹೆಂಡತಿಯ ಎದುರು ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ. ಎರಡು ವಾರ ಕಳೆದು ಭಾವನ ಮಗಳ ಮದುವೆಯ ಫೋಟೋಗಳನ್ನು ಅದಕ್ಕೆ ಹಾಕಿದೆ. ಆಮೇಲೆ ತೆಗೆಯಲಿಕ್ಕೆ ಹೋದರೆ ಒಳಗಿಂದ ಟಿಕ್ ಟಿಕ್ ಅಂತ ಸದ್ದು, ಫೈಲ್ ಬರುವುದಿಲ್ಲ. ಅಷ್ಟರಲ್ಲಿ ಬದಲಿ ಕೊಡುವ ಅವಧಿ ಮುಗಿದಿತ್ತು. ವಾರಂಟಿಯಲ್ಲಿ ಡಿಸ್ಕ್ ಬದಲಿಸಿದರು, ನಿಜ. ಧಾರೆಯ ಫೋಟೋಗಳನ್ನು ಯಾವ ವಾರಂಟಿ ಕೊಡುತ್ತದೆ?

ಒಳಗೆ ಆದದ್ದು ಇಷ್ಟು. ಡಿಸ್ಕಿನಲ್ಲಿ ಕೆಲವು ಸೆಕ್ಟರ್‌ಗಳು, ಅಂದರೆ ಡೇಟಾ ಬರೆದಿಡುವ ಸಣ್ಣ ಸಣ್ಣ ತುಂಡು ಜಾಗಗಳು, ಕೆಟ್ಟಿದ್ದವು. ಅಲ್ಲಿದ್ದ ವಿಂಡೋಸ್ ಫೈಲನ್ನು ಓದಲಿಕ್ಕೆ ಡಿಸ್ಕ್ ಮತ್ತೆ ಮತ್ತೆ ಪ್ರಯತ್ನ ಮಾಡುತ್ತಿತ್ತು. ನಮಗೆ ಕಂಡ ನಿಧಾನ ಅದೇ. ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದಾಗ ಆ ಫೈಲ್‌ಗಳು ಬೇರೆ ಜಾಗಕ್ಕೆ ಹೋದವು. ಕೆಟ್ಟ ಸೆಕ್ಟರ್ ಮೇಲೆ ಹೊಸದಾಗಿ ಬರೆಯಲಿಕ್ಕೆ ಹೋದಾಗ ಡಿಸ್ಕ್ ತಾನಾಗಿಯೇ ಅದನ್ನು ಬದಿಗಿಟ್ಟು, ಮೀಸಲಿಟ್ಟ ಸೆಕ್ಟರ್ ಒಂದನ್ನು ಅದರ ಬದಲಿಗೆ ಬಳಸುತ್ತದೆ. ಹಾಗಾಗಿ ರೋಗ ಒಳಗೇ ಇರುತ್ತದೆ, ಜ್ವರ ಮಾತ್ರ ಇಳಿಯುತ್ತದೆ. ಅದು ಮತ್ತೆ ಏರುವ ಹೊತ್ತಿಗೆ ನಿಮ್ಮ ಬದಲಿ ಅವಧಿ ಮುಗಿದಿರುತ್ತದೆ. ಅಂಗಡಿಯವರು ಬೇಕೆಂದೇ ಹೀಗೆ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ, ಹತ್ತರಲ್ಲಿ ಏಳೆಂಟು ಸಲ ಫಾರ್ಮ್ಯಾಟ್‌ನಲ್ಲೇ ಸರಿಯಾಗುವುದರಿಂದ ಅವರಿಗೆ ಅದೇ ಅಭ್ಯಾಸ.

ಈಗ ನಿಮ್ಮ ನಾಲ್ಕು ನಿಮಿಷಕ್ಕೆ ಬರೋಣ. ನಾಲ್ಕೂ ನಿಮಿಷ ಎಲ್ಲಿ ಹೋಗುತ್ತವೆ ಅಂತ ನೋಡಿದ್ದೀರಾ? ಮೊಬೈಲಿನ ಸ್ಟಾಪ್‌ವಾಚ್ ಹಿಡಿದುಕೊಂಡು ಮೂರು ತುಂಡು ಮಾಡಿ ಅಳೆಯಿರಿ. ಬಟನ್ ಒತ್ತಿದಲ್ಲಿಂದ ಕಂಪನಿ ಲೋಗೋದ ಕೆಳಗೆ ಚುಕ್ಕಿಗಳು ತಿರುಗಲಿಕ್ಕೆ ಶುರುವಾಗುವವರೆಗೆ ಒಂದು. ಅಲ್ಲಿಂದ ಪಿನ್ ಕೇಳುವವರೆಗೆ ಎರಡು. ಪಿನ್ ಹಾಕಿ, ಬ್ರೌಸರ್ ತೆರೆದು ಒಂದು ಪುಟ ಕಾಣುವವರೆಗೆ ಮೂರು. ಎಸ್‌ಎಸ್‌ಡಿ ಇರುವ ಹೊಸ ಯಂತ್ರದಲ್ಲಿ ಮೊದಲೆರಡು ಸೇರಿ ಅರ್ಧ ನಿಮಿಷದೊಳಗೆ ಮುಗಿಯಬೇಕು.

ಮೂರನೆಯ ತುಂಡೇ ಉದ್ದವಾದರೆ ಹೆಚ್ಚು ತಲೆಬಿಸಿ ಮಾಡಬೇಡಿ. ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ಮೊದಲ ಒಂದೆರಡು ದಿನ ಅದಕ್ಕೆ ಒಕ್ಕಲಿನ ಗದ್ದಲ: ವಿಂಡೋಸ್ ಅಪ್‌ಡೇಟ್ ಇಳಿಯುತ್ತಿರುತ್ತದೆ, ಫೈಲ್ ಹುಡುಕಲಿಕ್ಕೆ ಸೂಚಿ ತಯಾರಾಗುತ್ತಿರುತ್ತದೆ, ಒನ್‌ಡ್ರೈವ್ ಮೇಲಕ್ಕೆ ಕಳಿಸುತ್ತಿರುತ್ತದೆ, ಪುಕ್ಕಟೆ ಬಂದ ಆಂಟಿವೈರಸ್ ಎಲ್ಲವನ್ನೂ ಮೂಸುತ್ತಿರುತ್ತದೆ. 8 ಜಿಬಿ ರ‍್ಯಾಮಿನಲ್ಲಿ ಇಷ್ಟೂ ಒಟ್ಟಿಗೆ ನಡೆದರೆ ಏದುಸಿರು ಬರುವುದು ಸಹಜ. ಒಂದು ರಾತ್ರಿ ಚಾರ್ಜರ್ ಹಾಕಿ, ಸ್ಲೀಪ್ ಆಗದಂತೆ ಮಾಡಿ, ವೈಫೈಯಲ್ಲಿ ಬಿಟ್ಟುಬಿಡಿ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಆ್ಯಪ್ಸ್‌ನಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಪುಕ್ಕಟೆ ಆಂಟಿವೈರಸ್ಸನ್ನು ತೆಗೆದುಹಾಕಿ, ವಿಂಡೋಸಿನದ್ದೇ ಡಿಫೆಂಡರ್ ಮನೆ ಬಳಕೆಗೆ ಸಾಕು. ಆದರೆ ನಿಮ್ಮದು ಒಂಬತ್ತು ದಿನ ಆಗಿದೆ, ಈ ಗದ್ದಲ ಇಷ್ಟರಲ್ಲಿ ಮುಗಿಯಬೇಕಿತ್ತು.

ಎರಡನೆಯ ತುಂಡು ಉದ್ದವಾದರೆ ಒಂದು ಸಣ್ಣ ಪರೀಕ್ಷೆ. ಶಟ್‌ಡೌನ್ ಮಾಡಿ ಆನ್ ಮಾಡಿದ ಸಮಯವನ್ನೂ ರೀಸ್ಟಾರ್ಟ್ ಕೊಟ್ಟ ಸಮಯವನ್ನೂ ಹೋಲಿಸಿ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಉಂಟು. ಶಟ್‌ಡೌನ್ ಮಾಡಿದಾಗ ಅದು ಪೂರ್ತಿ ಮುಚ್ಚದೆ ತನ್ನ ಒಳಭಾಗದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ರೀಸ್ಟಾರ್ಟ್ ಮಾತ್ರ ಪೂರ್ತಿ ಹೊಸ ಶುರು. ರೀಸ್ಟಾರ್ಟ್ ಚುರುಕಾಗಿ, ಶಟ್‌ಡೌನ್ ಮಾಡಿದ ಮೇಲಿನ ಆನ್ ಮಾತ್ರ ನಿಧಾನ ಅಂತಾದರೆ ಫಾಸ್ಟ್ ಸ್ಟಾರ್ಟಪ್ ತೆಗೆದು ನೋಡಿ.

ಮೊದಲನೆಯ ತುಂಡು ಉದ್ದವಾದರೆ ನನಗೆ ಸಂಶಯ. ಆಗ ವಿಂಡೋಸ್ ಇನ್ನೂ ಶುರುವೇ ಆಗಿಲ್ಲ, ಆಂಟಿವೈರಸ್ಸನ್ನು ದೂರಿ ಪ್ರಯೋಜನ ಇಲ್ಲ. ಬಯೋಸ್ (ವಿಂಡೋಸಿಗಿಂತ ಮೊದಲು ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಡಿಸ್ಕನ್ನು ಕರೆಯುತ್ತಾ ಕೂತಿದೆ, ಅದು ಓಗೊಡುತ್ತಿಲ್ಲ ಅಂತ ಅರ್ಥ ಇರಬಹುದು. ಸ್ಟಾರ್ಟಪ್ ಆ್ಯಪ್ಸ್ ಪುಟದ ಮೇಲ್ಗಡೆ ಬಲಬದಿಯಲ್ಲಿ 'ಲಾಸ್ಟ್ ಬಯೋಸ್ ಟೈಮ್' ಅಂತ ಸೆಕೆಂಡ್ ಲೆಕ್ಕ ಬರೆದಿರುತ್ತದೆ, ಅದರ ಫೋಟೋ ತೆಗೆಯಿರಿ. ಮೊದಲನೆಯ ಫೋಟೋ ಅದು.

ನೀವು ಬರೆದ 'ಬೂಟ್ ಡಿವೈಸ್ ನಾಟ್ ಫೌಂಡ್' ಕೂಡ ಇದೇ ಜಾತಿಯದ್ದು. ಇಡೀ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ಒಂದು ಸಾಲು, ನಿಧಾನದ ವಿಷಯ ಅಲ್ಲ. ನಿಧಾನಕ್ಕೆ ನೂರು ಕಾರಣ ಇರಬಹುದು. ಒಂಬತ್ತು ದಿನದ ಯಂತ್ರ ತನ್ನ ಡಿಸ್ಕನ್ನೇ ಗುರುತಿಸದಿರಲಿಕ್ಕೆ ಕಾರಣಗಳು ಕಡಿಮೆ: ಎಸ್‌ಎಸ್‌ಡಿ ಸ್ಲಾಟಿನಲ್ಲಿ ಸರಿಯಾಗಿ ಕೂತಿಲ್ಲ, ಅದನ್ನು ನಡೆಸುವ ಚಿಪ್ (ಕಂಟ್ರೋಲರ್) ಕೈಕೊಡುತ್ತಿದೆ, ಬಯೋಸ್ ಅಥವಾ ಡಿಸ್ಕಿನ ಒಳಗಿನ ತಂತ್ರಾಂಶದ (ಫರ್ಮ್‌ವೇರ್) ದೋಷ, ಇಲ್ಲವೇ ಮದರ್‌ಬೋರ್ಡಿನದ್ದೇ ತೊಂದರೆ. ಹಾರ್ಡ್ ಡಿಸ್ಕ್ ಆದರೆ ಸದ್ದು ಮಾಡಿ ಹೇಳಿಕೊಳ್ಳುತ್ತದೆ. ಎಸ್‌ಎಸ್‌ಡಿಗೆ ಬಾಯಿಲ್ಲ, ಎಷ್ಟೋ ಸಲ ಒಮ್ಮೆಲೇ ಹೋಗಿಬಿಡುತ್ತದೆ. ಪಕ್ಕದ ಮನೆಯವರು "ಮಳೆಗಾಲದ ಶೀತಕ್ಕೆ ಹೀಗಾಗಿದೆ" ಅಂದರಂತೆ. ಕಡಲ ಬದಿಯ ಉಪ್ಪು ಗಾಳಿಗೆ ವರ್ಷಗಟ್ಟಲೆಯಲ್ಲಿ ಕನೆಕ್ಟರ್ ಕಿಲುಬು ಹಿಡಿಯುವುದುಂಟು, ನಮ್ಮ ಲ್ಯಾಬಿನಲ್ಲೇ ನೋಡಿದ್ದೇನೆ. ಒಂಬತ್ತು ದಿನದಲ್ಲಿ ಆಗುವುದಿಲ್ಲ ಮಾರಾಯ್ರೇ.

ಎರಡನೆಯ ಫೋಟೋಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪುಕ್ಕಟೆ ತಂತ್ರಾಂಶ ಹಾಕಿಕೊಳ್ಳಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕವನ್ನು ಅದು ತೋರಿಸುತ್ತದೆ. ನೀಲಿ ಇದ್ದರೆ ಒಳ್ಳೆಯದು, ಹಳದಿ ಎಚ್ಚರಿಕೆ, ಕೆಂಪು ಅಪಾಯ. ಬಣ್ಣದಲ್ಲೇ ನಿಲ್ಲಬೇಡಿ, ಕೆಳಗಿನ ಸಾಲುಗಳನ್ನೂ ಓದಿ. ನಿಮ್ಮದು ಎನ್‌ವಿಎಂಇ ಅನ್ನುವ ವೇಗದ ಬಗೆಯ ಎಸ್‌ಎಸ್‌ಡಿ ಆದರೆ 'ಮೀಡಿಯಾ ಆ್ಯಂಡ್ ಡೇಟಾ ಇಂಟೆಗ್ರಿಟಿ ಎರರ್ಸ್' ಸೊನ್ನೆ ಇರಬೇಕು, 'ಕ್ರಿಟಿಕಲ್ ವಾರ್ನಿಂಗ್' ಸೊನ್ನೆ ಇರಬೇಕು, 'ಪರ್ಸೆಂಟೇಜ್ ಯೂಸ್ಡ್' ಸೊನ್ನೆ ಅಥವಾ ಅದರ ಆಸುಪಾಸು. 'ಎರರ್ ಇನ್ಫರ್ಮೇಶನ್ ಲಾಗ್ ಎಂಟ್ರೀಸ್' ಮಾತ್ರ ನೂರಾರು ಇದ್ದರೂ ಹೆದರಬೇಡಿ, ಚೆನ್ನಾಗಿರುವ ಡಿಸ್ಕಿನಲ್ಲೂ ಅದು ಏರುತ್ತದೆ. 'ಅನ್‌ಸೇಫ್ ಶಟ್‌ಡೌನ್ಸ್' ನೀವು ಬಟನ್ ಒತ್ತಿ ಹಿಡಿದ ಲೆಕ್ಕ. ಹಳೆಯ ಹಾರ್ಡ್ ಡಿಸ್ಕ್ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರು 05, ಸಿ5, ಸಿ6 ಸಾಲುಗಳನ್ನು (ಬದಲಿಸಿದ, ಬದಲಿಗೆ ಕಾದಿರುವ, ಸರಿಪಡಿಸಲಾಗದ ಸೆಕ್ಟರ್‌ಗಳ ಲೆಕ್ಕ) ನೋಡಬೇಕು. ಅಲ್ಲಿ ಬಲಬದಿಯ ಅಂಕಿ ಹೆಕ್ಸ್ ಲೆಕ್ಕದ್ದು, 10 ಅಂತ ಕಂಡರೆ ಹದಿನಾರು.

ಇನ್ನೊಂದು ಸಾಲನ್ನು ತಪ್ಪದೆ ನೋಡಿ: 'ಪವರ್ ಆನ್ ಅವರ್ಸ್'. ಒಂಬತ್ತು ದಿನದಲ್ಲಿ ಮಗಳು ಹಗಲು ರಾತ್ರಿ ಕೂತರೂ ಇನ್ನೂರ ಹದಿನಾರು ಗಂಟೆ ದಾಟುವ ಹಾಗಿಲ್ಲ. ಅಲ್ಲಿ ಎಂಟುನೂರೋ ಸಾವಿರವೋ ಕಂಡರೆ ಆ ಡಿಸ್ಕ್ ಹೊಸದಲ್ಲ. ಯಾರೋ ವಾಪಸ್ ಕೊಟ್ಟದ್ದೋ, ಶೋರೂಮಿನಲ್ಲಿ ಪ್ರದರ್ಶನಕ್ಕಿಟ್ಟದ್ದೋ ಆಗಿರಬೇಕು. ಆಗ ಅಂಗಡಿಯಲ್ಲಿ ನೀವು ಆಡಬೇಕಾದ ಮಾತೇ ಬೇರೆ.

ಎಲ್ಲ ಸೊನ್ನೆ, ಬಣ್ಣ ನೀಲಿ ಅಂತಾದರೆ? ಅದೊಂದರಿಂದಲೇ ನಿಶ್ಚಿಂತೆ ಬೇಡ. 2007ರಲ್ಲಿ ಗೂಗಲ್‌ನವರು ತಮ್ಮ ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದ್ದರು. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸದೆಯೇ ಹೋಗಿದ್ದವು. ಅದೇ ಅಧ್ಯಯನದಲ್ಲಿ, ಮೊದಲ ಸ್ಕ್ಯಾನ್ ಎರರ್ (ಡಿಸ್ಕ್ ತನ್ನನ್ನೇ ಪರೀಕ್ಷಿಸಿಕೊಳ್ಳುವಾಗ ಸಿಗುವ ದೋಷ) ಕಂಡ ಡಿಸ್ಕ್ 60 ದಿನದೊಳಗೆ ಕೆಡುವ ಸಂಭವ ಉಳಿದವುಗಳಿಗಿಂತ 39 ಪಟ್ಟು ಹೆಚ್ಚಿತ್ತು. ಕೆಟ್ಟದ್ದು ಕಂಡರೆ ನಂಬಿ, ಕಾಣದಿದ್ದರೆ ಇನ್ನೂ ಎರಡು ಕಡೆ ಹುಡುಕಿ ಅಂತ ನಾನು ಹೇಳುವುದು ಅದಕ್ಕೇ.

ಒಂದು, ಇವೆಂಟ್ ವ್ಯೂವರ್, ಅಂದರೆ ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ದಿನಚರಿ. ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಬರುವ ಪಟ್ಟಿಯಲ್ಲಿ ಉಂಟು. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಮೂಲ 'ಡಿಸ್ಕ್' ಅಥವಾ 'ಸ್ಟೋರ್‌ಎನ್‌ವಿಎಂಇ' ಅಂತ ಇದ್ದು, 7, 51, 129, 153 ಈ ಸಂಖ್ಯೆಗಳು ಮತ್ತೆ ಮತ್ತೆ ಕಾಣುತ್ತವಾ ನೋಡಿ. 7 ಅಂದರೆ ಕೆಟ್ಟ ಬ್ಲಾಕ್. 153 ಅಂದರೆ ಓದು ಬರಹವನ್ನು ಮತ್ತೆ ಪ್ರಯತ್ನಿಸಬೇಕಾಯಿತು ಅಂತ. 129 ಅಂದರೆ ಡಿಸ್ಕ್ ಉತ್ತರ ಕೊಡದೆ ಅದನ್ನು ರೀಸೆಟ್ ಮಾಡಬೇಕಾಯಿತು. ಒಂದು ಸಲದ 129 ಡ್ರೈವರಿನ ದೋಷದಿಂದಲೂ ಬರಬಹುದು. ದಿನಕ್ಕೆ ನಾಲ್ಕು ಸಲ ಬಂದರೆ, ಅದೂ ಕಂಪನಿಯ ಬಯೋಸ್ ಮತ್ತು ಫರ್ಮ್‌ವೇರ್ ಅಪ್‌ಡೇಟ್ ಹಾಕಿದ ಮೇಲೂ ಬಂದರೆ, ಬಿಡುವ ವಿಷಯವಲ್ಲ. ಕರ್ನಲ್ ಪವರ್ 41 ಅಂತ ಕೆಂಪಾಗಿ ಕಾಣುವುದು ನೀವು ಬಟನ್ ಒತ್ತಿ ಹಿಡಿದದ್ದಕ್ಕೆ, ಅದನ್ನು ಡಿಸ್ಕಿನ ತಲೆಗೆ ಕಟ್ಟಬೇಡಿ. ಇದು ಮೂರನೆಯ ಫೋಟೋ.

ಇನ್ನೊಂದು, ಕಂಪನಿಯದ್ದೇ ಪರೀಕ್ಷೆ. ವಿಂಡೋಸ್ ಶುರುವಾಗುವ ಮೊದಲೇ ನಡೆಯುವಂಥದ್ದು. ಎಚ್‌ಪಿ ಆದರೆ ಆನ್ ಮಾಡಿದ ಕೂಡಲೇ ಎಫ್2, ಡೆಲ್ ಆದರೆ ಎಫ್12 ಒತ್ತುತ್ತಾ ಇರಿ. ಅದರಲ್ಲಿ ಡಿಸ್ಕ್ ಪರೀಕ್ಷೆ ಆಯ್ದುಕೊಳ್ಳಿ. ಫೇಲ್ ಆದರೆ ಒಂದು ಕೋಡ್ ಕೊಡುತ್ತದೆ. ಆ ಕೋಡಿನ ಫೋಟೋ ನಾಲ್ಕನೆಯದು, ಮತ್ತು ಅದೇ ನಿಮ್ಮ ಬ್ರಹ್ಮಾಸ್ತ್ರ. ಕಂಪನಿಯದ್ದೇ ಕೋಡ್ ಎದುರಿಗಿಟ್ಟರೆ ಫಾರ್ಮ್ಯಾಟ್ ಮಾತು ಅಲ್ಲಿಗೇ ನಿಲ್ಲುತ್ತದೆ.

ಈ ಎಲ್ಲ ಪರೀಕ್ಷೆಗೆ ಮೊದಲು, ಮಗಳು ಏನಾದರೂ ಬರೆದಿಟ್ಟಿದ್ದರೆ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಯೂಟ್ಯೂಬ್ ನೋಡಿ ಚೆಕ್‌ಡಿಸ್ಕ್ (ವಿಂಡೋಸಿನದ್ದೇ ಡಿಸ್ಕ್ ಪರೀಕ್ಷೆ) ಅನ್ನು ದುರಸ್ತಿಯ ಆಯ್ಕೆಯೊಂದಿಗೆ ಓಡಿಸುವುದು ಬೇಡ. ಸಾಯುತ್ತಿರುವ ಡಿಸ್ಕನ್ನು ತುದಿಯಿಂದ ತುದಿಗೆ ಓದಿಸಿದರೆ ಉಳಿದ ಜೀವವೂ ಹೋದೀತು. ಸ್ಕ್ರೂ ಬಿಚ್ಚಿ ಎಸ್‌ಎಸ್‌ಡಿ ಒತ್ತಿ ನೋಡುವ ಉತ್ಸಾಹವೂ ಬೇಡ, ಅದು ಅವರ ಕೆಲಸ.

ಬಿಟ್‌ಲಾಕರ್ ಕೀ ಮಾತ್ರ ಮರೆಯಬೇಡಿ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಸಲ ನಮಗೆ ಗೊತ್ತಿಲ್ಲದೆಯೇ ಡಿಸ್ಕಿಗೆ ಬೀಗ ಬಿದ್ದಿರುತ್ತದೆ. ಬಯೋಸ್ ಅಪ್‌ಡೇಟ್ ಮಾಡಿದರೆ, ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ 48 ಅಂಕಿಯ ಕೀ ಕೇಳುತ್ತದೆ. ಆ ಖಾತೆಯ ಪುಟದಲ್ಲಿ ಅದು ಇರುತ್ತದೆ, ಈಗಲೇ ಕಾಗದದಲ್ಲಿ ಬರೆದಿಡಿ. ಕಳೆದ ವರ್ಷ ನಮ್ಮ ಹುಡುಗನೊಬ್ಬ ಕೀ ಇಲ್ಲದೆ ಪ್ರಾಜೆಕ್ಟ್ ರಿಪೋರ್ಟ್ ಪೂರ್ತಿ ಕಳೆದುಕೊಂಡ, ಡಿಸ್ಕ್ ಚೆನ್ನಾಗಿಯೇ ಇತ್ತು.

ಅಂಗಡಿಗೆ ಹೋಗುವಾಗ ಬಿಲ್ಲು, ಪೆಟ್ಟಿಗೆ, ಚಾರ್ಜರ್ ಎಲ್ಲ ಕೊಂಡುಹೋಗಿ. ಬದಲಿ ಕೊಡುವ ಅವಧಿ ಒಂದೊಂದು ಕಂಪನಿಗೆ ಒಂದೊಂದು ಥರ, ಹಾಗಾಗಿ ನಾಳೆಯೇ ಹೋಗುವುದು ಒಳ್ಳೆಯದು. ಬಾಯಿಮಾತಿನ "ನೋಡುವ, ಸರಿ ಮಾಡುವ" ಸಾಲದು. ದೂರು ಕೊಟ್ಟ ತಾರೀಕು ಹಾಕಿದ ಜಾಬ್‌ಶೀಟ್ ಕೇಳಿ ತೆಗೆದುಕೊಳ್ಳಿ. ಅವಧಿ ಮುಗಿಯುವ ಮೊದಲೇ ದೂರಿದ್ದಕ್ಕೆ ಅದೊಂದೇ ಸಾಕ್ಷಿ. ಅವರು ಒಪ್ಪದಿದ್ದರೆ ಕಂಪನಿಗೇ ಫೋನ್ ಮಾಡಿ, ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ನನ್ನ ಅನುಭವದಲ್ಲಿ ಅಷ್ಟು ದೂರ ಹೋಗುವುದು ಅಪರೂಪ, ಜಾಬ್‌ಶೀಟ್ ಕೇಳಿದಾಗಲೇ ಮಾತಿನ ಧಾಟಿ ಬದಲಾಗುತ್ತದೆ.

ಫೋಟೋಗಳನ್ನು ಇಲ್ಲೇ ಕೆಳಗೆ ಹಾಕಿ, ಸೀರಿಯಲ್ ನಂಬರ್ ಕಾಣದ ಹಾಗೆ ಮುಚ್ಚಿ. ನಾಳೆ ನನಗೆ ಪರೀಕ್ಷೆ ಡ್ಯೂಟಿ ಉಂಟು, ಆದರೂ ಬೆಳಿಗ್ಗೆ ನೀವು ಬಸ್ಸು ಹತ್ತುವ ಮೊದಲು ಒಮ್ಮೆ ನೋಡಿ ಹೇಳುತ್ತೇನೆ.