ಬಿದ್ದವಳು ಗೆದ್ದದ್ದು ಹೇಗೆ? ಕಾರವಾರದ 11 ವರ್ಷದ ಹುಡುಗಿಗೆ ಫಿಗರ್ ಸ್ಕೇಟಿಂಗ್‌ನಲ್ಲಿ ದಾರಿ ಇದೆಯಾ?

ನಿಮ್ಮ ಮಗಳಿಗೆ 11 ವರ್ಷ, ಕಾರವಾರದಲ್ಲಿ ಮೂರು ವರ್ಷದಿಂದ ರೋಲರ್ ಸ್ಪೀಡ್ ಸ್ಕೇಟಿಂಗ್ ಕಲಿಯುತ್ತಿದ್ದಾಳೆ, ಈಗ ಟಿವಿ ನೋಡಿ ಐಸ್ ಮೇಲಿನ ಫಿಗರ್ ಸ್ಕೇಟಿಂಗೇ ಬೇಕು ಅಂತ ಹಟ ಹಿಡಿದಿದ್ದಾಳೆ ಅಂದಿದ್ದೀರಿ. ಟಿವಿಯಲ್ಲಿ ಕಂಡ ಸ್ಪರ್ಧೆಯಲ್ಲಿ ಬಿದ್ದವಳು ಗೆದ್ದು ಬೀಳದವಳು ಸೋತದ್ದು ಯಾಕೆ, ಜೂನಿಯರ್ ಮಟ್ಟದಲ್ಲಿ ಇವಳಿಗೆ ಅವಕಾಶ ಇದೆಯಾ ಅನ್ನೋದು ನಿಮ್ಮ ಪ್ರಶ್ನೆ. ಅಂಕದ ಲೆಕ್ಕ ಮೊದಲು ಹೇಳ್ತೇನೆ. ಅದು ತಿಳಿದರೆ ಕಾರವಾರದ ನೆಲದ ಮೇಲೆ ಏನು ಕಲಿಸಬೇಕು ಅನ್ನೋದೂ ಗೊತ್ತಾಗುತ್ತದೆ.

ಹಿಂದೆ 6ಕ್ಕೆ ಇಷ್ಟು ಅಂತ ಅಂಕ ಕೊಡ್ತಿದ್ದರು. 2002ರ ಸಾಲ್ಟ್ ಲೇಕ್ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯಲ್ಲಿ ತೀರ್ಪಿನ ಹಗರಣ ಆದಮೇಲೆ ಆ ಪದ್ಧತಿ ಹೋಯಿತು. ಈಗಿನದು ಕೂಡಿಸುವ ಲೆಕ್ಕ. ಸ್ಪರ್ಧೆಯಲ್ಲಿ ಎರಡು ಸುತ್ತು. ಶಾರ್ಟ್ ಪ್ರೋಗ್ರಾಂ 2 ನಿಮಿಷ 40 ಸೆಕೆಂಡ್. ಫ್ರೀ ಸ್ಕೇಟ್ ಜೂನಿಯರ್‌ಗೆ ಮೂರೂವರೆ ನಿಮಿಷ, ಸೀನಿಯರ್‌ಗೆ ನಾಲ್ಕು, ಎಲ್ಲದಕ್ಕೂ 10 ಸೆಕೆಂಡ್ ಆಚೀಚೆ ನಡೆಯುತ್ತದೆ. ಪ್ರತಿ ಸುತ್ತಿಗೂ ತಾಂತ್ರಿಕ ಅಂಕ (ಜಂಪ್, ಸ್ಪಿನ್ ಇಂಥವಕ್ಕೆ), ಕಾಂಪೊನೆಂಟ್ ಅಂಕ (ಒಟ್ಟು ಪ್ರದರ್ಶನ ಹೇಗಿತ್ತು ಅನ್ನೋದಕ್ಕೆ) ಕೂಡಿಸಿ ತಪ್ಪಿನ ಕಡಿತ ಕಳೆಯುತ್ತಾರೆ.

ಟಿವಿಯಲ್ಲಿ ಸರಿಯಾಗಿ ಕಾಣದ ಸಂಗತಿ ಒಂದಿದೆ: ತೀರ್ಪು ಕೊಡೋರು ಎರಡು ಗುಂಪು. ಟೆಕ್ನಿಕಲ್ ಪ್ಯಾನೆಲ್ ವಿಡಿಯೊ ತಿರುಗಿಸಿ ನೋಡಿ 'ಇವಳು ಹಾರಿದ್ದು ಇದು, ಇಷ್ಟು ಸುತ್ತು' ಅಂತ ಮಾತ್ರ ಹೇಳುತ್ತದೆ. ಅದು ಎಷ್ಟು ಚೆನ್ನಾಗಿತ್ತು ಅನ್ನೋದಕ್ಕೆ ಜಡ್ಜ್‌ಗಳು −5ರಿಂದ +5ರವರೆಗೆ ಗುಣಮಟ್ಟದ ಅಂಕ ಹಾಕುತ್ತಾರೆ. ದೊಡ್ಡ ಸ್ಪರ್ಧೆಯಲ್ಲಿ ಒಂಬತ್ತು ಜನ ಇರುತ್ತಾರೆ. ಎಲ್ಲಕ್ಕಿಂತ ಹೆಚ್ಚಿನದೊಂದು, ಕಡಿಮೆಯದೊಂದು ಬಿಟ್ಟು ಉಳಿದದ್ದರ ಸರಾಸರಿ ಹಿಡಿಯುತ್ತಾರೆ. ಗುಣಮಟ್ಟದ ಒಂದು ಮೆಟ್ಟಿಲು ಅಂದರೆ ಆ ಜಂಪ್‌ನ ಮೂಲಬೆಲೆಯ, ಅಂದರೆ ಅದಕ್ಕೆ ಮೊದಲೇ ಗೊತ್ತುಮಾಡಿದ ಅಂಕದ, ಶೇ. 10.

ಟ್ರಿಪಲ್ ಲುಟ್ಜ್ ತಗೊಳ್ಳಿ, ಗಾಳಿಯಲ್ಲಿ ಮೂರು ಸುತ್ತು ತಿರುಗುವ ಒಂದು ಜಂಪ್. ಮೂಲಬೆಲೆ 5.90. ಒಂಬತ್ತು ಜನ 2, 2, 3, 3, 2, 1, 3, 2, 4 ಹಾಕಿದರು ಅನ್ನೋಣ. 1 ಮತ್ತು 4 ಹೋದವು. ಉಳಿದ ಏಳರ ಮೊತ್ತ 17, ಸರಾಸರಿ 2.43. ಒಂದು ಮೆಟ್ಟಿಲಿಗೆ 0.59ರಂತೆ ಅದರ ಮೇಲೆ ಸಿಗೋದು 1.43, ಒಟ್ಟು 7.33. ಅದೇ ಜಂಪ್ ಪೂರ್ತಿ ಮೂರು ಸುತ್ತು ತಿರುಗಿ ಬಿದ್ದಳು ಅಂದರೆ ಎಲ್ಲರೂ −5 ಹಾಕುತ್ತಾರೆ: 5.90ರಲ್ಲಿ 2.95 ಹೋಗಿ 2.95 ಉಳಿಯಿತು, ಬಿದ್ದದ್ದಕ್ಕೆ ಇನ್ನೊಂದು ಅಂಕ ಕಳೆದು 1.95. ಸುಮ್ಮನೆ ಒಂದು ಡಬಲ್ ಲುಟ್ಜ್ ನೆಟ್ಟಗೆ ಇಳಿಸಿದ್ದರೆ 2.10 ಬರ್ತಿತ್ತು! ಇನ್ನು ಸುತ್ತು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಗಿ ಬಿದ್ದರೆ ಮೂಲಬೆಲೆಯೇ ಶೇ. 80ಕ್ಕೆ, ಅಂದರೆ 4.72ಕ್ಕೆ ಇಳಿಯುತ್ತದೆ, ಕೈಗೆ ಬರೋದು 1.36. ಅರ್ಧ ಸುತ್ತೋ ಅದಕ್ಕಿಂತ ಹೆಚ್ಚೋ ಕಡಿಮೆಯಾದರೆ ಅದನ್ನು ಡಬಲ್ ಅಂತಲೇ ಲೆಕ್ಕ ಹಾಕುತ್ತಾರೆ. ಆಗ ಬಿದ್ದದ್ದೂ ಸೇರಿ ಉಳಿಯೋದು 0.05. ಅಷ್ಟು ಪೆಟ್ಟು ತಿಂದು ಬಂದದ್ದು ಐದು ಪೈಸೆ.

ಹಾಗಾದರೆ ಬಿದ್ದವಳು ಗೆದ್ದದ್ದು ಹೇಗೆ? ಒಂದು ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಬೀಳದವಳ ಸುತ್ತುಗಳು ಒಂದೊಂದೂ ಚೂರು ಕಡಿಮೆ ಇದ್ದಿರಬಹುದು. ನಮ್ಮ ಕಣ್ಣಿಗೆ ಚಂದ ಇಳಿದಂತೆ ಕಂಡರೂ ಸ್ಲೋ ಮೋಷನ್‌ನಲ್ಲಿ ಬ್ಲೇಡ್ ಐಸ್ ಮುಟ್ಟಿದ ಮೇಲೆ ತಿರುಗಿದ್ದು ಸಿಕ್ಕಿಬೀಳುತ್ತದೆ. ಸ್ಪರ್ಧೆ ಮುಗಿದಮೇಲೆ ಪ್ರಕಟವಾಗುವ ಅಂಕಪಟ್ಟಿಯಲ್ಲಿ ಜಂಪ್‌ನ ಪಕ್ಕ '<' ಇದ್ದರೆ ಸುತ್ತು ಕಡಿಮೆ, ಅದೇ ಎರಡು ಸಲ ಇದ್ದರೆ ಒಂದು ಸುತ್ತೇ ಕಡಿತ. 'ಕ್ಯು' ಅಂತಿದ್ದರೆ ಸರಿಯಾಗಿ ಕಾಲು ಸುತ್ತು ಕಡಿಮೆ: ಮೂಲಬೆಲೆ ಪೂರ್ತಿ ಉಳಿಯುತ್ತದೆ, ಗುಣಮಟ್ಟದಲ್ಲಿ ಮುರಿಯುತ್ತಾರೆ. 'ಇ' ಅಂದರೆ ತಪ್ಪು ಅಂಚಿನಿಂದ ಎದ್ದದ್ದು (ಬ್ಲೇಡ್‌ಗೆ ಒಳ, ಹೊರ ಅಂತ ಎರಡು ಅಂಚು). ಲುಟ್ಜ್‌ಗೆ ಹಿಂದೆ ಸರಿಯುತ್ತಾ ಹೊರ ಅಂಚಿನ ಮೇಲಿರಬೇಕು, ಫ್ಲಿಪ್ ಅನ್ನೋ ಜಂಪ್‌ಗೆ ಒಳ ಅಂಚು. ಲುಟ್ಜ್‌ಗೆ ಹೊರಟು ಕೊನೇ ಗಳಿಗೆಯಲ್ಲಿ ಕಾಲು ಒಳಕ್ಕೆ ವಾಲಿಸೋದು ಮಕ್ಕಳಲ್ಲಿ ಸರ್ವೇಸಾಮಾನ್ಯ ತಪ್ಪು. ಹತ್ತರಲ್ಲಿ ಕೂತ ಈ ಅಭ್ಯಾಸ ಹದಿನಾರಕ್ಕೆ ಬಿಡಿಸೋದು ಬಹಳ ಕಷ್ಟ.

ಎರಡನೇ ಕಾರಣ ಕಾಂಪೊನೆಂಟ್ ಅಂಕ. 2022-23ರಿಂದ ಅವು ಮೂರೇ: ರಚನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ. ಪ್ರತಿಯೊಂದಕ್ಕೂ 10ರವರೆಗೆ, ಕಾಲು ಕಾಲು ಅಂಕದ ಅಂತರದಲ್ಲಿ. ಹುಡುಗಿಯರಿಗೆ ಮೂರರ ಮೊತ್ತವನ್ನು ಶಾರ್ಟ್‌ನಲ್ಲಿ 1.33ರಿಂದ, ಫ್ರೀಯಲ್ಲಿ 2.67ರಿಂದ ಗುಣಿಸುತ್ತಾರೆ. ಒಬ್ಬಳು ಮೂರರಲ್ಲೂ 5ರಿಂದ 6ಕ್ಕೆ ಏರಿದಳು ಅಂದರೆ ಶಾರ್ಟ್‌ನಲ್ಲಿ 3.99, ಫ್ರೀಯಲ್ಲಿ 8.01, ಕೂಡಿ 12 ಅಂಕ. ಎರಡು ಟ್ರಿಪಲ್ ಲುಟ್ಜ್‌ನ ಮೂಲಬೆಲೆಗಿಂತ ತುಸು ಹೆಚ್ಚೇ! ಸ್ಪಿನ್ (ನಿಂತಲ್ಲೇ ಗಿರಗಿರ ತಿರುಗೋದು) ಕೂಡ ಹಾಗೇ. ಕಾಲು ಬದಲಿಸಿ ಮಾಡುವ ನಾಲ್ಕನೇ, ಅಂದರೆ ಎಲ್ಲಕ್ಕಿಂತ ಕಷ್ಟದ ಲೆವೆಲ್‌ನ ಕಾಂಬಿನೇಷನ್ (ಭಂಗಿ ಬದಲಿಸುವ) ಸ್ಪಿನ್‌ಗೆ 3.50, ಎಲ್ಲರೂ ಕಣ್ಣಿಟ್ಟಿರುವ ಡಬಲ್ ಆಕ್ಸೆಲ್ ಜಂಪ್‌ಗೆ 3.30. ಜಂಪ್‌ನ ಹುಚ್ಚಿನಲ್ಲಿ ಸ್ಪಿನ್ ಮರೆಯುವ ಕೋಚ್‌ಗಳು ಈ ಲೆಕ್ಕ ಹಾಕೋದೇ ಇಲ್ಲ.

ಇನ್ನೊಂದು ಸಣ್ಣ ನಿಯಮ: ಶಾರ್ಟ್‌ನ ದ್ವಿತೀಯಾರ್ಧದಲ್ಲಿ ಬರುವ ಕೊನೇ ಒಂದು ಜಂಪ್‌ಗೆ, ಫ್ರೀಯಲ್ಲಿ ಕೊನೇ ಮೂರಕ್ಕೆ ಮೂಲಬೆಲೆಯ ಮೇಲೆ ಶೇ. 10 ಹೆಚ್ಚುವರಿ. ಕಾಲು ಸೋತ ಹೊತ್ತಿನಲ್ಲಿ ಕಷ್ಟದ ಜಂಪ್ ಇಟ್ಟು ಅಲ್ಲೇ ಬೀಳೋದನ್ನು ಜೂನಿಯರ್ ಸ್ಪರ್ಧೆಗಳಲ್ಲಿ ಬೇಕಾದಷ್ಟು ನೋಡಬಹುದು.

ಈಗ ಕಾರವಾರಕ್ಕೆ ಬರೋಣ. ಐಸ್ ಇಲ್ಲ ಸರಿ, ಆದರೆ ರೋಲರ್‌ನಲ್ಲೇ ಆರ್ಟಿಸ್ಟಿಕ್ ಅನ್ನೋ ವಿಭಾಗ ಇದೆ, ಚಕ್ರದ ಮೇಲಿನ ಫಿಗರ್ ಸ್ಕೇಟಿಂಗ್. ಅದೇ ಆಕ್ಸೆಲ್, ಸಾಲ್ಕೊ, ಲುಟ್ಜ್ ಜಂಪ್‌ಗಳು. ಅಂಕವೂ ರೋಲಾರ್ಟ್ ಅನ್ನೋ ಇದೇ ತರದ ಪದ್ಧತಿಯಲ್ಲಿ, ಗುಣಮಟ್ಟ −3ರಿಂದ +3. ಮಗಳನ್ನು ಮೊದಲು ಅದಕ್ಕೆ ಹಾಕಿ. ಸ್ಪೀಡ್‌ನವರು ಟ್ರ್ಯಾಕ್‌ನಲ್ಲಿ ಸದಾ ಎಡಕ್ಕೇ ತಿರುಗೋದರಿಂದ ಎಡದ ಕ್ರಾಸ್‌ಓವರ್ (ಕಾಲ ಮೇಲೆ ಕಾಲು ದಾಟಿಸಿ ತಿರುಗೋದು) ಗಟ್ಟಿ ಇರುತ್ತದೆ. ಬಲಕ್ಕೆ ಹೇಳಿ ನೋಡಿ, ತಡವರಿಸುತ್ತಾಳೆ. ಹಿಂದಕ್ಕೆ ಸ್ಕೇಟ್ ಮಾಡೋದಂತೂ ಹೆಚ್ಚಿನವರಿಗೆ ಬಂದಿರೋದಿಲ್ಲ. ಜಂಪ್ ಎಲ್ಲವೂ ಇಳಿಯೋದು ಹಿಂಬದಿಯ ಹೊರ ಅಂಚಿನ ಮೇಲೆ. ಆದ್ದರಿಂದ ಮೊದಲ ಆರು ತಿಂಗಳು ಜಂಪ್ ಬೇಡ. ಎರಡೂ ದಿಕ್ಕಿಗೆ ಹಿಂದಿನ ಕ್ರಾಸ್‌ಓವರ್, ಒಂಟಿ ಕಾಲಿನಲ್ಲಿ ಹೊರ ಅಂಚು, ಒಳ ಅಂಚು, ತ್ರೀ ಟರ್ನ್ (ಒಂಟಿ ಕಾಲಿನ ಮೇಲೆ ಮುಂದಿನಿಂದ ಹಿಂದಕ್ಕೆ ತಿರುಗೋದು), ಇಳಿಯುವ ಭಂಗಿಯನ್ನು ಹಿಡಿದು ನಿಲ್ಲೋದು. ಬೇಸರದ ಕೆಲಸವೇ, ಆದರೆ ಸ್ಕೇಟಿಂಗ್ ಕೌಶಲದ ಅಂಕ ಹುಟ್ಟೋದು ಇಲ್ಲಿ.

ಸ್ಪೀಡ್ ಇನ್‌ಲೈನ್ ಶೂ ಇದಕ್ಕೆ ಬರೋದಿಲ್ಲ. ಎತ್ತರದ ಕಾಲರಿನ ಬೂಟು, ನಾಲ್ಕು ಚಕ್ರದ ಪ್ಲೇಟ್, ಮುಂದೆ ಟೋ ಸ್ಟಾಪ್ (ಒತ್ತಿ ನಿಲ್ಲಲು ತುದಿಯಲ್ಲಿರುವ ರಬ್ಬರ್ ಬಿರಡೆ) ಬೇಕು. ಫ್ರೀ ಸ್ಕೇಟಿಂಗ್‌ಗೆ ಸಾಮಾನ್ಯವಾಗಿ 57 ಮಿ.ಮೀ. ಚಕ್ರ. ಆನ್‌ಲೈನ್‌ನಲ್ಲಿ ತರಿಸುವಾಗ ಗಡಸುತನದ ಅಂಕಿಯ ಜೊತೆಗಿನ ಅಕ್ಷರ ನೋಡಿ: 'ಎ' ಅಳತೆ ಬೇರೆ, 'ಡಿ' ಅಳತೆ ಬೇರೆ. 55 ಡಿ ಅನ್ನೋದು 90 ಎ ಚಕ್ರಕ್ಕಿಂತ ಗಟ್ಟಿ. ಸಣ್ಣ ಅಂಕಿ ನೋಡಿ ಮೆದು ಅಂದುಕೊಂಡು ತಂದು ನುಣುಪು ಟೈಲ್ಸ್ ಮೇಲೆ ಇಳಿಸಿದರೆ ಜಾರಿ ಬೀಳ್ತಾರೆ. ಅಂಚಿನ ಮೇಲೆ ವಾಲೋಕೆ ಆಗ್ತಿಲ್ಲ ಅಂದರೆ ಟ್ರಕ್‌ನ (ಚಕ್ರದ ಅಚ್ಚು ಹಿಡಿದಿರುವ, ಪ್ಲೇಟ್‌ನ ಕೆಳಗಿನ ಭಾಗ) ನಟ್ ಕಾಲು ಸುತ್ತು ಸಡಿಲಿಸಿ, ಎರಡೂ ಶೂಗೆ ಒಂದೇ ಸಮ. ಒಮ್ಮೆಲೇ ಬಿಚ್ಚಿದರೆ ಪ್ಲೇಟ್ ಗಡಗಡ ಅಲುಗಾಡುತ್ತದೆ. ದುಡ್ಡು ಬೂಟಿಗೆ ಹಾಕಿ, ಚಕ್ರಕ್ಕೆ ಆಮೇಲೆ. ಬೆಳೆಯೋ ಕಾಲು ಅಂತ ಎರಡು ಸೈಜ್ ದೊಡ್ಡದು ತರೋದು ಶಾಲೆಯ ಶೂಗೆ ಸರಿ, ಇಲ್ಲಿ ಹಿಮ್ಮಡಿ ಒಳಗೆ ಎದ್ದರೆ ಅಂಚು ಸಿಗೋದೇ ಇಲ್ಲ.

ನೆಲದ್ದೇ ದೊಡ್ಡ ಪಂಚಾಯ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಅಭ್ಯಾಸ ಮರೆತುಬಿಡಿ, ಮಳೆ ಬಿಟ್ಟ ಗಳಿಗೆಯಲ್ಲೂ ಸಿಮೆಂಟಿನ ಮೇಲೆ ಪಾಚಿ. ಸಿರ್ಸಿ ಕಡೆ ನೆಂಟರ ಮನೆಯ ಅಡಿಕೆ ಅಂಗಳ ಇದೆಯಲ್ಲ ಅಂತ ಅನಿಸಬಹುದು. ನೀರು ಹರಿಯಲು ಬಿಟ್ಟ ಇಳಿಜಾರಿನಲ್ಲಿ ಸ್ಪಿನ್ ನಿಂತಲ್ಲಿ ನಿಲ್ಲೋದಿಲ್ಲ, ಮಳೆ ಮುಗಿದು ಒಣಗುವ ಹೊತ್ತಿಗೆ ಅಲ್ಲಿ ಅಡಿಕೆ ಹರವಿರುತ್ತಾರೆ. ಮಳೆಗಾಲಕ್ಕೆ ಕಲ್ಯಾಣಮಂಟಪವೋ ಶಾಲೆಯ ಸಭಾಂಗಣವೋ ಮಾತಾಡಿಕೊಳ್ಳಿ. ಕಡಲ ಗಾಳಿಯ ಉಪ್ಪಿಗೆ ಬೇರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಒದ್ದೆಯಾದ ದಿನವೇ ಚಕ್ರ ಬಿಚ್ಚಿ ಒರೆಸಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಧೂಳು ಹಿಡಿದು ಅಂಟಾಗುತ್ತದೆ.

ಇನ್ನು ವಯಸ್ಸು. ಐಸ್‌ನ ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕ ಜುಲೈ 1ಕ್ಕೆ. ಅದಕ್ಕೆ ಮುಂಚೆ 13 ತುಂಬಿರಬೇಕು, 19 ತುಂಬಿರಬಾರದು, ಆಗ ಸಿಂಗಲ್ಸ್‌ನಲ್ಲಿ ಜೂನಿಯರ್. 2014ರ ಜೂನ್ 20ಕ್ಕೆ ಹುಟ್ಟಿದ ಮಗು 2027-28ರಿಂದ ಜೂನಿಯರ್. ಅದೇ ವರ್ಷ ಜುಲೈ 15ಕ್ಕೆ ಹುಟ್ಟಿದರೆ 2028-29ರಿಂದ. ಇಬ್ಬರಿಗೂ ಸಿಗೋದು ಆರೇ ಹಂಗಾಮು. ಸೀನಿಯರ್‌ಗೆ ಮೊದಲು 15 ಸಾಕಿತ್ತು. 2023-24ರಲ್ಲಿ 16, 2024-25ರಿಂದ 17 ಮಾಡಿದ್ದಾರೆ. ಒಳ್ಳೆಯ ನಿಯಮ. ಮೈ ತೆಳ್ಳಗಿದ್ದಾಗ ಸುತ್ತು ಸುಲಭ. ಎತ್ತರ, ಸೊಂಟ ಬೆಳೆದಾಗ ಎಷ್ಟೋ ಹುಡುಗಿಯರ ಜಂಪ್ ಕೈಬಿಡುತ್ತದೆ. ಆ ಒಂದೆರಡು ವರ್ಷ ಮೊಣಕಾಲ ಕೆಳಗೆ, ಹಿಮ್ಮಡಿಯಲ್ಲಿ ನೋವು ಅಂದರೆ ಜಂಪ್ ಸಂಖ್ಯೆ ಇಳಿಸಿ, ಗ್ರಾನೈಟ್ ಮೇಲೆ ಹಾರೋದು ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಅವಕಾಶ ಎಷ್ಟು ಅಂತ ಮುಚ್ಚುಮರೆ ಇಲ್ಲದೆ ಹೇಳ್ತೇನೆ. ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನ ಒಂದೊಂದು ವಿಭಾಗದಲ್ಲಿ ಪ್ರತಿ ಸದಸ್ಯ ದೇಶಕ್ಕೆ ಒಂದು ಜಾಗ ಉಂಟು. ಆದರೆ ಅದಕ್ಕೆ ಮುಂಚೆ ಮಾನ್ಯತೆಯ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಶಾರ್ಟ್, ಫ್ರೀ ಎರಡರಲ್ಲೂ ಕನಿಷ್ಠ ತಾಂತ್ರಿಕ ಅಂಕ ಗಳಿಸಿರಬೇಕು. ಭಾರತದವರಿಗೆ ಗೋಡೆ ಇದೇ. ಮುಂಚೂಣಿಯ ಹುಡುಗಿಯರು 13ಕ್ಕೇ ಟ್ರಿಪಲ್‌ಗಳ ಜೊತೆ ಬರುತ್ತಾರೆ, ಅವರಿಗೆ ದಿನವೂ ಐಸ್ ಸಿಗುತ್ತದೆ. ನಮ್ಮಲ್ಲಿ ಗುರುಗ್ರಾಮದ ಮಾಲ್ ಒಂದರ ಒಳಗಿನ ರಿಂಕ್ ಇದೆ, ಪೂರ್ಣ ಅಳತೆಯ 60 × 30 ಮೀಟರಿಗಿಂತ ಸಣ್ಣದು. ಡೆಹ್ರಾಡೂನ್‌ನದು 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ್ದು, ವರ್ಷಗಟ್ಟಲೆ ಮುಚ್ಚಿದ್ದು 2025ರಲ್ಲಿ ಮತ್ತೆ ಸ್ಪರ್ಧೆ ಕಂಡಿತು. ಶಿಮ್ಲಾದ್ದು ಚಳಿಗಾಲದ ನೈಸರ್ಗಿಕ ಐಸ್. ಭಾರತದ ಪರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆಡಿರುವ ತಾರಾ ಪ್ರಸಾದ್ ಬೆಳೆದದ್ದು, ಕಲಿತದ್ದು ಅಮೆರಿಕದಲ್ಲಿ. ಕಾರವಾರದಲ್ಲೇ ಇದ್ದು ಐಸ್‌ನಲ್ಲಿ ಆ ಮಟ್ಟ ಮುಟ್ಟೋದು ಆಗದ ಮಾತು ಅನ್ನೋದು ನನ್ನ ಅಭಿಪ್ರಾಯ. ರೋಲರ್ ಆರ್ಟಿಸ್ಟಿಕ್‌ನಲ್ಲಿ ಹಾಗಲ್ಲ: ಜಿಲ್ಲೆ, ರಾಜ್ಯ, ರಾಷ್ಟ್ರ ಅಂತ ಮೆಟ್ಟಿಲು ಇದೆ, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಾಮಾ ಸಿಂಗಲ್ಸ್‌ನಲ್ಲೂ, ಅವನಿ ಪಂಚಾಲ್ ಜೊತೆ ಪೇರ್ಸ್‌ನಲ್ಲೂ ಕಂಚು ಗೆದ್ದಿದ್ದಾರೆ.

ಮಗಳ ಹಟ ಇಳಿಯದಿದ್ದರೆ ಒಂದು ವರ್ಷ ರೋಲರ್ ಆರ್ಟಿಸ್ಟಿಕ್ ಆದಮೇಲೆ ರಜೆಯಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಯ ನಿಜಾಮುದ್ದೀನ್‌ಗೆ ಹೋಗಿ, ಒಂದು ವಾರ ಗುರುಗ್ರಾಮದಲ್ಲಿ ಐಸ್ ತೋರಿಸಿ. ಹೋಗುವ ಮೊದಲೇ ಫೋನ್ ಮಾಡಿ ಕೋಚ್ ಸಮಯ ಗೊತ್ತುಮಾಡಿಕೊಳ್ಳಿ. ಸಾರ್ವಜನಿಕರ ಹೊತ್ತಿನಲ್ಲಿ ಕಲಿಯಲು ಜಾಗ ಸಿಗೋದಿಲ್ಲ. ಮೊದಲ ದಿನ ಅವಳು ಟೋ ಸ್ಟಾಪ್ ಒತ್ತುವ ಅಭ್ಯಾಸಕ್ಕೆ ಬ್ಲೇಡ್‌ನ ಮುಂದಿನ ಹಲ್ಲು ಒತ್ತಿ ಮುಗ್ಗರಿಸುತ್ತಾಳೆ, ನಿಲ್ಲೋಕೆ ಹೊಸದಾಗಿ ಕಲಿಯಬೇಕು. ಗ್ಲೌಸ್, ಉದ್ದ ತೋಳಿನ ಅಂಗಿ, ತೆಳು ಸಾಕ್ಸ್ ಇರಲಿ. ದಪ್ಪ ಉಣ್ಣೆ ಸಾಕ್ಸ್ ಹಾಕಿದರೆ ಬಾಡಿಗೆ ಬೂಟಿನೊಳಗೆ ಕಾಲು ಜಾರುತ್ತದೆ.